‘ಪಾರ್ಟ್‌ನರ್’ ಎಂದು ಕರೆದರೆ ನೌಕರ ಅಲ್ಲ ಎಂದಾಗುತ್ತದೆಯೇ?

ಊಟ ತಂದುಕೊಡುವವರು ‘ಡೆಲಿವರಿ ಪಾರ್ಟ್‌ನರ್’. ಟ್ಯಾಕ್ಸಿ ಓಡಿಸುವವರು ‘ಡ್ರೈವರ್ ಪಾರ್ಟ್‌ನರ್’. ದಿನಾ ಆಫೀಸಿಗೆ ಬಂದು ಎಂಟು ಗಂಟೆ ಕೂತು ವಿಡಿಯೊ ಎಡಿಟ್ ಮಾಡುವವರೂ ಎಷ್ಟೋ ಕಡೆ ‘ಕನ್ಸಲ್ಟೆಂಟ್’. ಪಾಲುದಾರ ಎಂದರೆ ಲಾಭದಲ್ಲಿ ಪಾಲು ಪಡೆಯುವವನು ಎಂದು ನಾವು ತಿಳಿದಿದ್ದೇವೆ. ಇಲ್ಲಿ ಹಾಗಿಲ್ಲ. ‘ಇವರು ನಮ್ಮ ನೌಕರರಲ್ಲ, ಸ್ವಂತ ದುಡಿಮೆಯವರು’ ಎಂದು ಹೇಳುವುದಷ್ಟೇ ಈ ಪದದ ಕೆಲಸ.

ಹಾಗಾದರೆ, ಒಪ್ಪಂದದಲ್ಲಿ ಹಾಗೆ ಬರೆದು ಸಹಿ ಹಾಕಿಸಿಕೊಂಡರೆ ಮಾತು ಮುಗಿಯಿತೇ? ಹೆಚ್ಚಿನವರು ಹೌದು ಎಂದುಕೊಂಡಿದ್ದಾರೆ. ಕಾನೂನು ಹೇಳುವುದು ಬೇರೆ.

ಒಂದು ಪದದ ಬೆಲೆ ಎಷ್ಟು?

ಮೊದಲು ಲೆಕ್ಕ ನೋಡೋಣ. ತಿಂಗಳಿಗೆ 15,000 ರೂಪಾಯಿ ವೇತನದ ನೌಕರರಿಗೆ ಪಿಎಫ್ ಕಾನೂನು ಅನ್ವಯಿಸಿದರೆ, ಮಾಲೀಕರು ತಮ್ಮ ಪಾಲಾಗಿ 12% ಅಂದರೆ 1,800 ರೂಪಾಯಿ ಕಟ್ಟಬೇಕು. ಇಎಸ್‌ಐ ಇದ್ದರೆ ಇನ್ನೂ 3.25%, ಸುಮಾರು 487 ರೂಪಾಯಿ. ಎರಡೂ ಸೇರಿ ವರ್ಷಕ್ಕೆ 27,000 ರೂಪಾಯಿ ದಾಟುತ್ತದೆ. ಇದರ ಜೊತೆಗೆ ಕನಿಷ್ಠ ವೇತನ, ಗ್ರಾಚ್ಯುಟಿ, ಅಪಘಾತ ಪರಿಹಾರ, ಹೆರಿಗೆ ರಜೆ, ಕಾರಣವಿಲ್ಲದೆ ಕೆಲಸದಿಂದ ತೆಗೆದರೆ ಪ್ರಶ್ನಿಸುವ ಹಕ್ಕು.

‘ನೌಕರ’ ಎಂಬ ಪದದ ಜಾಗದಲ್ಲಿ ‘ಪಾರ್ಟ್‌ನರ್’ ಎಂದು ಬರೆದರೆ ಇವೆಲ್ಲ ಒಂದೇ ಏಟಿಗೆ ಮಾಯ. ಮಳೆಯಲ್ಲಿ ಬೈಕ್ ಜಾರಿ ಕಾಲು ಮುರಿದರೆ, ಆಸ್ಪತ್ರೆ ಖರ್ಚು ಮತ್ತು ಮನೆಯಲ್ಲಿ ಕೂತ ಎರಡು ತಿಂಗಳ ಆದಾಯದ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನೂ ಇದೇ ಪದ ತೀರ್ಮಾನಿಸಬಹುದು.

ಆ್ಯಪ್‌ಗಿಂತ ಹಳೆಯ ಜಗಳ

ಇದು ಮೊಬೈಲ್ ಕಾಲದ ಸಮಸ್ಯೆ ಎಂದುಕೊಳ್ಳಬೇಡಿ. ಸೌರಾಷ್ಟ್ರದ ಉಪ್ಪಿನ ಗದ್ದೆಗಳಲ್ಲಿ ದುಡಿಯುವ ಅಗರಿಯಾಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 1956ರಲ್ಲೇ ಈ ಪ್ರಶ್ನೆಗೆ ಉತ್ತರ ಕೊಟ್ಟಿತ್ತು. ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಕಂಪನಿ ಅವರಿಗೆ ಒಂದೊಂದು ತುಂಡು ಜಾಗ ಹಂಚುತ್ತಿತ್ತು. ತಯಾರಿಸಿದ ಉಪ್ಪಿಗೆ ಮಣಕ್ಕೆ ಇಷ್ಟು ಎಂದು ದುಡ್ಡು. ಕೆಲಸಕ್ಕೆ ಗೊತ್ತಾದ ಸಮಯವಿಲ್ಲ, ಹಾಜರಿ ಪುಸ್ತಕವಿಲ್ಲ. ಮನೆಯವರನ್ನು ಸೇರಿಸಿಕೊಳ್ಳಬಹುದು, ಬೇಕಿದ್ದರೆ ಕೂಲಿಯವರನ್ನೂ ಇಟ್ಟುಕೊಳ್ಳಬಹುದು. ‘ಇವರು ಸ್ವತಂತ್ರ ಗುತ್ತಿಗೆದಾರರು’ ಎಂಬುದು ಕಂಪನಿಯ ವಾದ.

ಕೋರ್ಟ್ ಒಪ್ಪಲಿಲ್ಲ. ಜಾಗ ಹಂಚುವುದರಿಂದ ಹಿಡಿದು ಉಪ್ಪಿನ ಗುಣಮಟ್ಟ ನೋಡುವವರೆಗೆ ಕಂಪನಿಯವರ ಮೇಲ್ವಿಚಾರಣೆ ಇತ್ತು. ಅಗರಿಯಾಗಳು ಸ್ವತಃ ಮೈಮುರಿದು ದುಡಿಯುತ್ತಿದ್ದರು. ಹಾಗಾಗಿ ಅವರು ಕಾರ್ಮಿಕರೇ ಎಂದು ತೀರ್ಪಾಯಿತು. ಕೆಲಸವನ್ನು ಹೇಗೆ ಮಾಡಬೇಕು ಎಂದು ನಿಯಂತ್ರಿಸುವ ಹಕ್ಕು ಯಾರಿಗಿದೆ ಎಂಬುದೇ ಅಲ್ಲಿ ಮುಖ್ಯವಾಯಿತು.

ಆದರೆ ಕಾರ್ಮಿಕರ ಕಡೆಯ ವಾದವೇ ಯಾವಾಗಲೂ ಗೆಲ್ಲುತ್ತದೆ ಎಂದಲ್ಲ. 1958ರ ಚಿಂತಾಮನ್ ರಾವ್ ಪ್ರಕರಣದಲ್ಲಿ, ಕಾರ್ಖಾನೆಗೆ ಬೀಡಿ ಮಾಡಿಸಿ ಒಪ್ಪಿಸುತ್ತಿದ್ದ ‘ಸಟ್ಟೆದಾರ’ರು ಕಾರ್ಮಿಕರಲ್ಲ, ಸ್ವತಂತ್ರ ಗುತ್ತಿಗೆದಾರರು ಎಂದು ಅದೇ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಪ್ರತಿ ಸಲವೂ ನಿಜವಾಗಿ ನಡೆಯುತ್ತಿರುವುದು ಏನು ಎಂದು ನೋಡಲೇಬೇಕು.

ನಮ್ಮ ಕರಾವಳಿಯ ಮನೆಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರ ವಿಷಯದಲ್ಲಿ ಗೊಂದಲ ಬಗೆಹರಿಸಿದ್ದು ಸಂಸತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಎಲೆ ಮತ್ತು ಹೊಗೆಸೊಪ್ಪು ಪಡೆದು ಮನೆಯಲ್ಲೇ ಬೀಡಿ ಕಟ್ಟುವವರನ್ನೂ ನೌಕರರೆಂದು ಸೇರಿಸಿಕೊಂಡಿತು. ಮಂಗಳೂರು ಗಣೇಶ ಬೀಡಿ ಸಂಸ್ಥೆ ಸೇರಿದಂತೆ ಉದ್ಯಮದವರು ಅದನ್ನು ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು.

ನಾಲ್ಕು ತಪ್ಪು ನಂಬಿಕೆಗಳು

*‘ಸಹಿ ಹಾಕಿದ ಮೇಲೆ ಮುಗಿಯಿತು.’* ಇಲ್ಲ. ಒಪ್ಪಂದದ ಭಾಷೆ ಒಂದು ಸುಳಿವು ಮಾತ್ರ. ಹಗ್ಗದ ಕಾರ್ಖಾನೆಯೊಂದರ 1978ರ ಹುಸೇನ್‌ಭಾಯಿ ಪ್ರಕರಣದಲ್ಲಿ, ಮಾಲೀಕರು ಕಾರ್ಮಿಕರನ್ನು ಗುತ್ತಿಗೆದಾರರ ಮೂಲಕ ಇಟ್ಟುಕೊಂಡಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಕಾಗದದ ಪರದೆ ಸರಿಸಿ, ಅವರ ಅನ್ನ ನಿಜಕ್ಕೂ ಯಾರ ಕೈಯಲ್ಲಿದೆ ಎಂದು ನೋಡಿದರು. ಕಾರ್ಖಾನೆಯವರೇ ಮಾಲೀಕರು ಎಂದಾಯಿತು.

*‘ಪೀಸ್ ಲೆಕ್ಕದಲ್ಲಿ ದುಡ್ಡು, ಹಾಗಾಗಿ ನೌಕರ ಅಲ್ಲ.’* 1973ರ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದ ದರ್ಜಿಗಳಿಗೂ ಪೀಸ್ ಲೆಕ್ಕವೇ. ಬೇಕಾದಾಗ ಬರಬಹುದಿತ್ತು, ಬಟ್ಟೆಯನ್ನು ಮನೆಗೂ ಒಯ್ಯಬಹುದಿತ್ತು. ಆದರೂ ಹೊಲಿಗೆ ಯಂತ್ರ ಅಂಗಡಿಯದ್ದು, ಹೇಗೆ ಹೊಲಿಯಬೇಕೆಂದು ಹೇಳುವವರು ಅಂಗಡಿಯವರು, ಸರಿಯಿಲ್ಲದಿದ್ದರೆ ತಿರಸ್ಕರಿಸುವ ಹಕ್ಕೂ ಅವರದ್ದು. ದರ್ಜಿಗಳು ನೌಕರರೇ ಎಂದು ಕೋರ್ಟ್ ಹೇಳಿತು.

*‘ಯಾವಾಗ ಬೇಕಾದರೂ ಲಾಗಿನ್ ಆಗಬಹುದು, ಹಾಗಾಗಿ ಸ್ವತಂತ್ರ.’* ಬ್ರಿಟನ್ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 19ರಂದು ಊಬರ್ ಪ್ರಕರಣದಲ್ಲಿ ಇದಕ್ಕೆ ಉತ್ತರಿಸಿತು. ಲಾಗಿನ್ ಆಗುವ ಸಮಯ ಚಾಲಕರ ಆಯ್ಕೆ, ನಿಜ. ಆದರೆ ಲಾಗಿನ್ ಆದ ಮೇಲೆ ದರ ನಿಗದಿ ಮಾಡುವುದು ಕಂಪನಿ, ಷರತ್ತು ಬರೆಯುವುದು ಕಂಪನಿ, ರೈಡ್ ನಿರಾಕರಿಸಿದರೆ ದಂಡಿಸುವುದು ಕಂಪನಿ, ರೇಟಿಂಗ್ ನೋಡಿ ಹೊರಹಾಕುವುದೂ ಕಂಪನಿ. ಆದ್ದರಿಂದ ಅವರು ‘ವರ್ಕರ್’ಗಳು, ಅವರಿಗೆ ಕನಿಷ್ಠ ವೇತನ ಮತ್ತು ಸಂಬಳಸಹಿತ ರಜೆ ಸಿಗಬೇಕು ಎಂದಾಯಿತು. ಬ್ರಿಟನ್ನಿನಲ್ಲಿ ‘ವರ್ಕರ್’ ಎಂಬುದು ಪೂರ್ಣ ನೌಕರ ಮತ್ತು ಸ್ವಂತ ಉದ್ಯೋಗಿಯ ನಡುವಿನ ಮೂರನೇ ವರ್ಗ ಎಂಬುದನ್ನು ನೆನಪಿಡಬೇಕು.

*‘ಹಾಗಿದ್ದರೆ ಆ್ಯಪ್‌ನಲ್ಲಿ ದುಡಿಯುವವರೆಲ್ಲ ನೌಕರರೇ.’* ಇದೂ ಪೂರ್ತಿ ಸರಿಯಲ್ಲ. ಡೆಲಿವರೂ ಸವಾರರ ಒಕ್ಕೂಟದ ಚೌಕಾಸಿ ಹಕ್ಕಿನ ಪ್ರಕರಣದಲ್ಲಿ ಅದೇ ಬ್ರಿಟನ್ ಕೋರ್ಟ್ 2023ರ ನವೆಂಬರಿನಲ್ಲಿ ಕಂಪನಿಯ ಪರ ನಿಂತಿತು. ಸವಾರರು ತಮ್ಮ ಬದಲು ಇನ್ನೊಬ್ಬರನ್ನು ಕಳಿಸಲು ನಿಜವಾಗಿಯೂ ಅವಕಾಶವಿತ್ತು ಎಂಬುದು ಅಲ್ಲಿ ದೊಡ್ಡ ಕಾರಣವಾಯಿತು.

ಇಲ್ಲಿ ಈಗ ಏನಿದೆ?

ನೀತಿ ಆಯೋಗದ 2022ರ ವರದಿಯ ಅಂದಾಜಿನಂತೆ 2020–21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು. 2029–30ಕ್ಕೆ ಈ ಸಂಖ್ಯೆ 2.35 ಕೋಟಿ ಆಗಬಹುದು. ಇವರನ್ನು ಭಾರತದ ಕಾನೂನು ಮೊದಲು ಗುರುತಿಸಿದ್ದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ. ಅದು ಜಾರಿಗೆ ಬಂದಿದ್ದು 2025ರ ನವೆಂಬರ್ 21ರಂದು. ಸಾಂಪ್ರದಾಯಿಕ ಮಾಲೀಕ–ನೌಕರ ಸಂಬಂಧದ ಹೊರಗೆ ದುಡಿಯುವವರು ಎಂದು ಅದು ಗಿಗ್ ಕಾರ್ಮಿಕರನ್ನು ವರ್ಣಿಸುತ್ತದೆ. ಕಂಪನಿಗಳು ವಾರ್ಷಿಕ ವಹಿವಾಟಿನ 1ರಿಂದ 2% ಹಣವನ್ನು ಅವರ ಕಲ್ಯಾಣ ನಿಧಿಗೆ ಕೊಡಬೇಕು ಎನ್ನುತ್ತದೆ.

ಕರ್ನಾಟಕ 2025ರಲ್ಲಿ ತನ್ನದೇ ಕಾಯ್ದೆ ಮಾಡಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ 1ರಿಂದ 5% ಕಲ್ಯಾಣ ಶುಲ್ಕ, ಕಲ್ಯಾಣ ಮಂಡಳಿ, ದೂರು ವ್ಯವಸ್ಥೆ ಎಲ್ಲ ಅದರಲ್ಲಿವೆ. ಒಳ್ಳೆಯ ಹೆಜ್ಜೆಯೇ. ಆದರೆ ಎರಡು ಕಾನೂನುಗಳೂ ಕೊಡುವುದು ಕಲ್ಯಾಣ ಸೌಲಭ್ಯ. ‘ಇವರು ನೌಕರರೇ?’ ಎಂಬ ಮೂಲ ಪ್ರಶ್ನೆಯನ್ನು ಅವು ಪಕ್ಕಕ್ಕಿಟ್ಟಿವೆ. ಕಲ್ಯಾಣ ನಿಧಿ ಮತ್ತು ಕನಿಷ್ಠ ವೇತನ ಒಂದೇ ಅಲ್ಲ.

ಯುರೋಪಿಯನ್ ಒಕ್ಕೂಟ ಬೇರೆ ದಾರಿ ಹಿಡಿದಿದೆ. ಅದರ 2024ರ ನಿರ್ದೇಶನದ ಪ್ರಕಾರ, ಕಂಪನಿಯ ನಿಯಂತ್ರಣ ಕಂಡುಬಂದರೆ ಆ ವ್ಯಕ್ತಿ ನೌಕರ ಎಂದೇ ಮೊದಲು ಭಾವಿಸಬೇಕು. ಅಲ್ಲ ಎಂದು ಸಾಬೀತು ಮಾಡುವ ಹೊಣೆ ಕಂಪನಿಯದ್ದು. ನಮಗೆ ಮುಖ್ಯ ಎನಿಸುವುದು ಇದೇ. ಅಲ್ಗಾರಿದಮ್ ಹೇಗೆ ಕೆಲಸ ಹಂಚುತ್ತದೆ ಎಂಬ ದಾಖಲೆ ಇರುವುದು ಕಂಪನಿಯ ಬಳಿ. ದಿನಗೂಲಿ ಬಿಟ್ಟು ಕೋರ್ಟ್ ಮೆಟ್ಟಿಲು ಹತ್ತುವ ಸವಾರನೇ ಅದನ್ನು ಸಾಬೀತು ಮಾಡಬೇಕು ಎನ್ನುವುದು ನ್ಯಾಯವಲ್ಲ.

ನಿಮ್ಮನ್ನೇ ಕೇಳಿಕೊಳ್ಳಿ

ನೀವು ‘ಪಾರ್ಟ್‌ನರ್’, ‘ಫ್ರೀಲಾನ್ಸರ್’ ಅಥವಾ ‘ಕನ್ಸಲ್ಟೆಂಟ್’ ಆಗಿದ್ದರೆ ಈ ಪ್ರಶ್ನೆಗಳನ್ನು ಒಟ್ಟಾಗಿ ನೋಡಿ:

- ನಿಮ್ಮ ಕೆಲಸದ ದರ ನಿಗದಿ ಮಾಡುವವರು ಯಾರು? ಚೌಕಾಸಿ ಮಾಡಲು ಆಗುತ್ತದೆಯೇ?
- ಕೆಲಸ ಬೇಡ ಎಂದರೆ ದಂಡ, ರೇಟಿಂಗ್ ಇಳಿಕೆ ಅಥವಾ ಐಡಿ ಬ್ಲಾಕ್ ಆಗುತ್ತದೆಯೇ?
- ನಿಮ್ಮ ಬದಲು ಬೇರೆಯವರನ್ನು ಕಳಿಸಬಹುದೇ?
- ಗ್ರಾಹಕರು ನಿಮ್ಮವರೇ, ಅಥವಾ ಕಂಪನಿಯವರೇ?
- ಹೆಚ್ಚು ಗಂಟೆ ದುಡಿಯುವುದನ್ನು ಬಿಟ್ಟು, ಸ್ವಂತ ಜಾಣತನದಿಂದ ಲಾಭ ಹೆಚ್ಚಿಸಿಕೊಳ್ಳುವ ದಾರಿ ಇದೆಯೇ?

ಮನೆಗೆ ಬರುವ ಪ್ಲಂಬರ್ ತನ್ನ ದರ ತಾನೇ ಹೇಳುತ್ತಾನೆ, ಬೇಡವಾದ ಕೆಲಸ ಬಿಡುತ್ತಾನೆ, ಹುಡುಗನನ್ನು ಕಳಿಸುತ್ತಾನೆ. ಅವನು ನಿಜವಾದ ಸ್ವಂತ ಉದ್ಯೋಗಿ. ನಿಮ್ಮ ಉತ್ತರಗಳು ಅವನಿಗಿಂತ ಆ ಹೊಲಿಗೆ ಅಂಗಡಿಯ ದರ್ಜಿಗೆ ಹತ್ತಿರವಿದ್ದರೆ, ಒಪ್ಪಂದದಲ್ಲಿರುವ ಪದ ಕೊನೆಯ ಮಾತಲ್ಲ. ಪಾವತಿ ವಿವರ, ಸೂಚನೆಗಳ ಮೆಸೇಜು, ದಂಡದ ಸ್ಕ್ರೀನ್‌ಶಾಟ್ ಎಲ್ಲವನ್ನೂ ಉಳಿಸಿಕೊಳ್ಳಿ. ಕಾರ್ಮಿಕ ಇಲಾಖೆ, ಒಕ್ಕೂಟ ಅಥವಾ ವಕೀಲರ ಬಳಿ ಹೋದಾಗ ಮಾತಾಡುವುದು ಅವೇ.