ಈ ಜಗಳಕ್ಕೆ ನಮ್ಮ ಮಕ್ಕಳನ್ನು ಕೊಡುವುದಿಲ್ಲ

ಡಿ. ಹಿರೇಹಾಳಿನ, ರಾಯದುರ್ಗದ, ಮಡಕಶಿರಾದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಪಂಚಾಯಿತಿ ಎಲೆಕ್ಷನ್ ಹತ್ತಿರ ಬಂದಾಗಲೆಲ್ಲ ನಮ್ಮ ಸೀಮೆಯಲ್ಲಿ ಎಷ್ಟೋ ಊರುಗಳು ಎರಡಾಗುತ್ತವೆ. ಒಂದೇ ಬೋರಿನ ನೀರು ಕುಡಿದವರು ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವುದನ್ನು ಬಿಡುತ್ತಾರೆ. ಯಾರೋ ಒಬ್ಬ ನಾಯಕನ ಮರ್ಯಾದೆ ಉಳಿಸಲು ಮೀಸೆ ಮೂಡದ ಹುಡುಗ ಮಚ್ಚು ಹಿಡಿಯುತ್ತಾನೆ. ಆಮೇಲೆ ಠಾಣೆ, ಕೋರ್ಟು, ವಾಯಿದೆಯ ಮೇಲೆ ವಾಯಿದೆ, ವಕೀಲರ ಫೀಸಿಗೆ ಮಾರಿಹೋದ ಹೊಲ, ಇಪ್ಪತ್ತೈದಕ್ಕೇ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು. ಇಷ್ಟೆಲ್ಲ ಆದ ಮೇಲೂ ಸೀಮೆಯ ರಕ್ತವೇ ಬಿಸಿ ಎಂದು ಎದೆ ತಟ್ಟಿಕೊಳ್ಳುತ್ತೇವೆ. ರಕ್ತಕ್ಕೆ ಅಂಥ ಗುಣ ಯಾವುದೂ ಇಲ್ಲ. ದೊರೆಗಳು ಮಾಡಿಟ್ಟುಹೋದ ಸಾಲ ಇದು. ನಾನೂರು ವರ್ಷಗಳಿಂದ ಅದರ ಬಡ್ಡಿಯನ್ನು ನಮ್ಮ ಮಕ್ಕಳ ಜೀವದಲ್ಲಿ ಕಟ್ಟುತ್ತಿದ್ದೇವೆ. ಸಾಕು ಎನ್ನಲು ಈ ಕರೆ.

ಆ ಸಾಲ ಹುಟ್ಟಿದ ಬಗೆಯನ್ನು ಕೇಳಿ. ಪೆನುಕೊಂಡೆ ನಮಗೇನೂ ದೂರದ ಊರಲ್ಲ. 1565ರಲ್ಲಿ ರಕ್ಕಸತಂಗಡಿಯ ಸೋಲಿನಿಂದ ಹಂಪಿ ಹಾಳಾದ ಮೇಲೆ ವಿಜಯನಗರದ ಅರವೀಡು ಮನೆತನ ನೆಲೆ ಕಂಡುಕೊಂಡದ್ದು ಅಲ್ಲಿ. 1586ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ವೆಂಕಟಪತಿರಾಯ 28 ವರ್ಷ ಆಳಿ, ಚೂರಾಗಿದ್ದ ರಾಜ್ಯವನ್ನು ಮತ್ತೆ ಜೋಡಿಸಿದ. ಅವನ ಕಾಲದಲ್ಲೇ ರಾಜಧಾನಿ ಪೆನುಕೊಂಡೆಯಿಂದ ಚಂದ್ರಗಿರಿಗೆ, ವೆಲ್ಲೂರಿಗೆ ಸರಿಯಿತು. 1614ರ ಅಕ್ಟೋಬರಿನಲ್ಲಿ, ಸಾವಿನ ಹಾಸಿಗೆಯಲ್ಲಿ, ಅಣ್ಣನ ಮಗ ಶ್ರೀರಂಗನಿಗೆ ರಾಜ್ಯದ ಉಂಗುರ ತೊಡಿಸಿ ಕಣ್ಣು ಮುಚ್ಚಿದ.

ರಾಣಿಯೊಬ್ಬಳ ತವರಿನವನಾದ ಗೊಬ್ಬೂರಿ ಜಗ್ಗರಾಯ ಇದನ್ನು ಸಹಿಸಲಿಲ್ಲ. ರಾಣಿ ತನ್ನ ಮಗನೆಂದು ಸಾಕಿದ್ದ ಹುಡುಗನನ್ನು ಮುಂದಿಟ್ಟುಕೊಂಡು, ತಿಮ್ಮನಾಯಕ, ಮಾಕರಾಜ ಎಂಬಿಬ್ಬರು ದಂಡನಾಯಕರನ್ನು ಕೂಡಿಕೊಂಡು ಅವನು ಅರಮನೆಯನ್ನು ಮುತ್ತಿದ. ಹೊಸ ರಾಯ ಹೆಂಡತಿ ಮಕ್ಕಳೊಂದಿಗೆ ಸೆರೆಯಾದ. ನಿನ್ನೆ ಶ್ರೀರಂಗನಿಗೆ ಕೈಮುಗಿದಿದ್ದ ನಾಯಕರು ಒಬ್ಬೊಬ್ಬರಾಗಿ ಜಗ್ಗರಾಯನ ಕಡೆಗೆ ಸರಿದರು. ವೆಲುಗೋಟಿ ಯಾಚಮನಾಯಕ ಮಾತ್ರ ಒಪ್ಪದೆ ತನ್ನ ಜನರನ್ನು ಕರೆದುಕೊಂಡು ಹೊರಗೆ ನಿಂತ.

ಮುಂದಿನದನ್ನು ಪೋರ್ಚುಗೀಸ್ ಪಾದ್ರಿ ಮನುಯೆಲ್ ಬರ್ರಾದಾಸ್ 1616ರ ಡಿಸೆಂಬರಿನಲ್ಲಿ ಕೊಚ್ಚಿಯಿಂದ ಬರೆದ ಕಾಗದದಲ್ಲಿ ಹೇಳಿದ್ದಾನೆ. ಶ್ರೀರಂಗನ ಮಗ ರಾಮ, ಹನ್ನೆರಡು ವರ್ಷದ ಹುಡುಗ. ಅರಮನೆಯ ಬಟ್ಟೆ ಒಗೆಯುವ ಅಗಸ ಅವನನ್ನು ಮೈಲಿಗೆ ಬಟ್ಟೆಯ ಗಂಟಿನಲ್ಲಿ ಕಟ್ಟಿಕೊಂಡು ಕಾವಲುಗಾರರ ಕಣ್ಣೆದುರೇ ಹೊರಗೆ ತಂದು ಯಾಚಮನಿಗೆ ಒಪ್ಪಿಸಿದ. ಸಿಕ್ಕಿಬಿದ್ದಿದ್ದರೆ ಅವನ ತಲೆ ಹೋಗುತ್ತಿತ್ತು. ಇಡೀ ಯುದ್ಧದಲ್ಲಿ ಕೊಲ್ಲುವುದಕ್ಕಲ್ಲದೆ ಉಳಿಸುವುದಕ್ಕೆ ಜೀವ ಒತ್ತೆಯಿಟ್ಟ ಆ ಮನುಷ್ಯನನ್ನು ನಾವು ಯಾವ ಜಾತ್ರೆಯಲ್ಲೂ ಹಾಡಿ ಹೊಗಳುವುದಿಲ್ಲ. ಸೆರೆಯಲ್ಲಿದ್ದ ರಾಯನನ್ನು ಬಿಡಿಸಲು ಸುರಂಗ ತೋಡಿದರು, ಆಗಲಿಲ್ಲ. ಕೋಟೆಯ ಕಾವಲಿನವರ ಮೇಲೆ ಬಿದ್ದರು, ಸಮಯಕ್ಕೆ ಒದಗಲಿಲ್ಲ. ಕೊನೆಗೆ ರಾಯನೂ ಅವನ ಹೆಂಡತಿಯೂ ಉಳಿದ ಮಕ್ಕಳೂ ಸೆರೆಮನೆಯ ಗೋಡೆಗಳ ನಡುವೆಯೇ ರಕ್ತದಲ್ಲಿ ಮಡಿದರು.

ಆಮೇಲೆ ನಾಡಿಗೆ ನಾಡೇ ಎರಡಾಯಿತು. ಮಧುರೆಯ ಮುತ್ತುವೀರಪ್ಪನಾಯಕ, ಸೆಂಜಿಯ ಕೃಷ್ಣಪ್ಪನಾಯಕ ಜಗ್ಗರಾಯನ ಪಕ್ಷ ಹಿಡಿದರು. ತಂಜಾವೂರಿನ ರಘುನಾಥನಾಯಕ ಯಾಚಮನ ಜೊತೆ ನಿಂತು ಹುಡುಗ ರಾಮದೇವನನ್ನು ರಾಯನೆಂದು ಸಾರಿದ. ಇವರೆಲ್ಲ ಒಂದೇ ಸಿಂಹಾಸನದ ಉಪ್ಪು ತಿಂದವರು. 1616ರ ಕೊನೆಯಲ್ಲಿ ತಿರುಚಿರಾಪಳ್ಳಿಯ ಹತ್ತಿರ, ಕಾವೇರಿಯ ದಂಡೆಯ ತೋಪೂರಿನಲ್ಲಿ ಎರಡು ದಂಡುಗಳೂ ಎದುರಾದವು. ರಘುನಾಥ ಮುಂದೆ ಬರದಂತೆ ತಡೆಯಲು ಶತ್ರುಗಳು ಚೋಳರ ಕಾಲದ ಕಾವೇರಿಯ ಅಣೆಕಟ್ಟನ್ನೇ ಒಡೆದರೆಂದು ತಂಜಾವೂರಿನ ಆಸ್ಥಾನದ ಕಾವ್ಯಗಳು ಹೇಳುತ್ತವೆ. ಸಾವಿರಾರು ರೈತರ ಗದ್ದೆಗೆ ನೀರು ಕೊಡುವ ಕಟ್ಟೆಯನ್ನು ಒಂದು ದಿನದ ಗೆಲುವಿಗಾಗಿ ಒಡೆಯುವುದೂ ಯುದ್ಧತಂತ್ರವೇ ಆಗಿಬಿಟ್ಟಿತು.

ತೋಪೂರಿನಲ್ಲಿ ಜಗ್ಗರಾಯ ಸತ್ತ. ಯುದ್ಧ ಸಾಯಲಿಲ್ಲ. ಅವನ ತಮ್ಮ ಎತಿರಾಜ ಇನ್ನೂ ಕೆಲವು ವರ್ಷ ಅದನ್ನು ಎಳೆದ. ಕೊನೆಗೆ ನಿಂತದ್ದು ಮದುವೆಯಿಂದ: ಎತಿರಾಜನ ಮಗಳನ್ನು ರಾಮದೇವರಾಯನಿಗೆ ಕೊಟ್ಟು ರಾಜಿ ಮಾಡಿಕೊಂಡರು. ತಾಯಂದಿರೇ, ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ದೊರೆಗಳು ಬೀಗರಾದರು, ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಅವರಿಗಾಗಿ ಸತ್ತ ಕಾಲಾಳುಗಳನ್ನು ಹೆತ್ತ ತಾಯಂದಿರಿಗೆ ಯಾವ ರಾಜಿ ಸಿಕ್ಕಿತು? ರಾಜಿ ಆಗುವುದೇ ಆಗಿದ್ದರೆ ಮೊದಲ ವರ್ಷ ಯಾಕೆ ಆಗಲಿಲ್ಲ? ಇಂದಿಗೂ ನಮ್ಮ ಊರುಗಳಲ್ಲಿ ಎರಡೂ ಪಾರ್ಟಿಯ ದೊಡ್ಡವರು ಒಂದು ದಿನ ಕೈ ಕುಲುಕುತ್ತಾರೆ, ಪಾರ್ಟಿ ಬದಲಿಸಿ ಒಂದೇ ವೇದಿಕೆ ಹತ್ತುತ್ತಾರೆ. ಅವರ ಹೆಸರಿನಲ್ಲಿ ಜೈಲಿಗೆ ಹೋದವನು ಜೈಲಿನಲ್ಲೇ ಇರುತ್ತಾನೆ. ಸತ್ತವನ ಫೋಟೋ ಗೋಡೆಯ ಮೇಲೆಯೇ ಇರುತ್ತದೆ.

ಆ ಯುದ್ಧದಿಂದ ವಿಜಯನಗರ ಮತ್ತೆ ಎದ್ದು ನಿಲ್ಲಲಿಲ್ಲ. 1624ರ ಹೊತ್ತಿಗೆ ಕರ್ನೂಲು ಬಿಜಾಪುರದ ಪಾಲಾಯಿತು. 1639ರಲ್ಲಿ ಅದೇ ರಾಜ್ಯದ ನಾಯಕನೊಬ್ಬ ಕಡಲತೀರದ ಮದರಾಸಿನ ಜಾಗವನ್ನು ಇಂಗ್ಲಿಷ್ ಕಂಪನಿಗೆ ಬರೆದುಕೊಟ್ಟ. ಮನೆಯವರು ಮನೆಯವರನ್ನೇ ಕಡಿದು ದಣಿದಿದ್ದ ನಾಡಿನಲ್ಲಿ ಹೊರಗಿನವನು ಕತ್ತಿ ಹಿರಿಯುವ ಕಷ್ಟವನ್ನೂ ಪಡಬೇಕಾಗಿರಲಿಲ್ಲ.

ಇದು ದೊರೆಗಳ ಕಥೆ, ತಮಿಳುನಾಡಿನ ಕಥೆ, ನಮಗೇನು ಎನ್ನುವವರು ರಾಯದುರ್ಗದ ಬೆಟ್ಟದ ಕಡೆಗೊಮ್ಮೆ ಕತ್ತೆತ್ತಿ ನೋಡಲಿ. ಸಾಮ್ರಾಜ್ಯ ಒಡೆದಾಗ ಅದರ ಚೂರುಗಳು ಒಂದೊಂದು ಬೆಟ್ಟದ ಮೇಲೆ ಒಂದೊಂದು ಪಾಳೆಯಪಟ್ಟಾಗಿ ಕೂತವು. ಕೋನೇಟಿನಾಯಕನ ಮನೆತನ ಬೇಡರನ್ನು ಹೊರಗಟ್ಟಿ ರಾಯದುರ್ಗ ಹಿಡಿಯಿತು. ಆಚೆ ಚಿತ್ರದುರ್ಗ, ಈಚೆ ಹರಪನಹಳ್ಳಿ. ಎಲ್ಲರದೂ ಒಂದೇ ನೆಲ, ಒಂದೇ ಬರ. 1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ರಾಯದುರ್ಗ, ಹರಪನಹಳ್ಳಿ, ಬಿದನೂರು, ಸವಣೂರುಗಳ ದಂಡು ಒಟ್ಟಾಗಿ ಚಿತ್ರದುರ್ಗದ ಮೇಲೆ ಬಿತ್ತು. ಚಿತ್ರದುರ್ಗಕ್ಕೆ ಆರ್ಕಾಟಿನ ಸರದಾರ ಚಂದಾಸಾಹೇಬನ ನೆರವಿತ್ತು. ಚಿತ್ರದುರ್ಗದ ದೊರೆ ಹಿರೇ ಮದಕರಿನಾಯಕ ಅಲ್ಲೇ ಹತನಾದ. ಚಂದಾಸಾಹೇಬನ ಮಗನೂ ಅಲ್ಲೇ ಸತ್ತ. ಎರಡೂ ಕಡೆ ನೆಲಕ್ಕುರುಳಿದವರಲ್ಲಿ ನಮ್ಮ ಮಾತನ್ನೇ ಆಡುವ ರೈತರ, ಬೇಡರ ಮಕ್ಕಳಿದ್ದರು.

ಗೆದ್ದವರಿಗೆ ಏನು ದಕ್ಕಿತು, ವರ್ಷ ಹಿಡಿದು ಎಣಿಸಿ. 1763ರಲ್ಲಿ ಬಿದನೂರು ಹೈದರಾಲಿಯ ಕೈ ಸೇರಿತು. 1779ರಲ್ಲಿ ಚಿತ್ರದುರ್ಗ ಬಿತ್ತು. ಅಲ್ಲಿಂದ ಸುಮಾರು 20 ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅವರ ಹುಡುಗರನ್ನು ತಂದೆತಾಯಿಯಿಂದ ಬಿಡಿಸಿ ಸಿಪಾಯಿಗಳನ್ನಾಗಿ ಪಳಗಿಸಿದರು. 1786ರಲ್ಲಿ ಟಿಪ್ಪು ರಾಯದುರ್ಗವನ್ನೂ ಹರಪನಹಳ್ಳಿಯನ್ನೂ ವಶಪಡಿಸಿಕೊಂಡು ಪಾಳೆಯಗಾರರನ್ನು ಸೆರೆಗೆ ಕಳಿಸಿದ. 1799ರಲ್ಲಿ ಟಿಪ್ಪುವೂ ಬಿದ್ದ. 1800ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮ ತನ್ನ ಪಾಲಿಗೆ ಬಂದಿದ್ದ ಈ ಸೀಮೆಯನ್ನೇ ಕಂಪನಿಗೆ ಬಿಟ್ಟುಕೊಟ್ಟ. ಮಾಯಕೊಂಡದಿಂದ ಅಲ್ಲಿಗೆ 52 ವರ್ಷ. ಗೆದ್ದವರೂ ಉಳಿಯಲಿಲ್ಲ, ಸೋತವರೂ ಉಳಿಯಲಿಲ್ಲ. ಕಲೆಕ್ಟರಾಗಿ ಅನಂತಪುರಕ್ಕೆ ಬಂದ ಥಾಮಸ್ ಮನ್ರೋ ಇಲ್ಲಿ ಕಂಡದ್ದು 80 ಪಾಳೆಯಗಾರರು, ಅವರ ಹಿಂದೆ ಸುಮಾರು 30 ಸಾವಿರ ಆಯುಧಪಾಣಿಗಳು. ಅಷ್ಟು ಜನರ ಅನ್ನ ರೈತನ ಕಣದಿಂದಲೇ ಹೋಗಬೇಕಿತ್ತು. ಕೆಲವರನ್ನು ಮನ್ರೋ ದಂಡೆತ್ತಿ ಓಡಿಸಿದ, ಕೆಲವರಿಗೆ ಪಿಂಚಣಿ ಕೊಟ್ಟು ಕೂರಿಸಿದ. ಕೋಟೆಗಳು ಖಾಲಿಯಾದವು. ಪಾಳೆಯಗಾರನ ಚಟ ಮಾತ್ರ ಊರೊಳಗೆ ಉಳಿಯಿತು.

ಆ ಚಟವನ್ನು ಇಂದಿನ ಹಗೆಯಲ್ಲಿ ಗುರುತಿಸುವುದು ಕಷ್ಟವಲ್ಲ. ಅಂದು ಕಾವೇರಿಯ ಕಟ್ಟೆ ಒಡೆದರು. ಇಂದು ಎದುರಾಳಿಯ ಮೋಸಂಬಿ ತೋಟವನ್ನು ರಾತ್ರೋರಾತ್ರಿ ಕಡಿಯುತ್ತಾರೆ, ಬೋರಿನ ಪೈಪು ಕತ್ತರಿಸುತ್ತಾರೆ. ಅಂದು ಶ್ರೀರಂಗನಿಗೆ ಕೈಮುಗಿದಿದ್ದ ನಾಯಕರನ್ನೇ ಎದುರಾಳಿಯ ಕಡೆಗೆ ಸೆಳೆದರು. ಇಂದು ಸಾಕ್ಷಿಯನ್ನು ಕೊಳ್ಳುತ್ತಾರೆ, ಇಲ್ಲವೇ ಹೆದರಿಸುತ್ತಾರೆ. ಅಂದು ದೊರೆಯ ಮಕ್ಕಳನ್ನು ಸೆರೆಯಲ್ಲೇ ಮುಗಿಸಿದರು. ಇಂದು ಎದುರಾಳಿಯ ಮಗ ದೊಡ್ಡವನಾದರೆ ಸೇಡು ತೀರಿಸಿಯಾನು ಎಂದು ಲೆಕ್ಕ ಹಾಕುತ್ತಾರೆ. ಮಳೆ ನೆಚ್ಚಿಕೊಂಡು ಕಡಲೆಕಾಯಿ ಬಿತ್ತುವ ನಾಡು ನಮ್ಮದು. ಒಂದು ಗಿಡ ಫಲಕ್ಕೆ ಬರಲು ಎಷ್ಟು ವರ್ಷ, ಎಷ್ಟು ಕೊಡ ನೀರು ಬೇಕೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಬಲ್ಲ ನಾವೇ ಅದನ್ನು ಕಡಿಯಲು ಕೊಡಲಿ ಎತ್ತುವುದೆಂದರೆ ಅದಕ್ಕಿಂತ ದೊಡ್ಡ ಪಾಪ ಇನ್ನೇನಿದೆ?

ಒಂದು ಊರಿನ ಹಗೆಯನ್ನು ದೇಶದ ಅಂತರ್ಯುದ್ಧದ ಪಕ್ಕದಲ್ಲಿಡಬಹುದೇ ಎಂದು ಕೇಳಬಹುದು. ಇಡಲೇಬೇಕು. 1861ರಿಂದ 1865ರವರೆಗೆ ಅಮೆರಿಕ ತನ್ನ ಮೇಲೆ ತಾನೇ ಬಿದ್ದು ಆರು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಗುಲಾಮರ ಸಂಕೋಲೆ ಕಳಚಿದ್ದಾದರೂ ಅಲ್ಲಿ ಸಾರ್ಥಕವಾಯಿತು. ಪಕ್ಕದ ಶ್ರೀಲಂಕೆ 1983ರಿಂದ 2009ರವರೆಗೆ 26 ವರ್ಷ ಉರಿಯಿತು. ನೆರೆಯವನನ್ನು ನೆರೆಯವನಾಗಿ ಕಾಣುವುದನ್ನು ಜನ ಬಿಟ್ಟ ದಿನದಿಂದಲೇ ಇಂಥ ಯುದ್ಧಕ್ಕೆ ದಾರಿಯಾಗುತ್ತದೆ. ನಮ್ಮ ಊರಿನ ಹಗೆಯಿಂದ ಯಾರ ಸಂಕೋಲೆ ಕಳಚಿದೆ? ಒಬ್ಬ ದಲಿತನಿಗೆ ಹೊಲ ಸಿಕ್ಕಿತೇ? ಒಂದು ಶಾಲೆಗೆ ಕೋಣೆ ಬಂತೇ?

ನಮ್ಮ ಮುಂದೆ ಇನ್ನೊಂದು ಅಪಾಯವೂ ಇದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿಗೆರೆ ಅಣ್ಣತಮ್ಮಂದಿರ ಹೊಲಗಳ ನಡುವೆ ಹಾದುಹೋಯಿತು. ಹಿರೇಹಾಳಿನಲ್ಲಿ, ಅಗಳಿ, ರೊಳ್ಳ, ಅಮರಾಪುರಗಳಲ್ಲಿ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಆಡುತ್ತ ಬದುಕು ಕಟ್ಟಿಕೊಂಡವರು ನಾವು. ಕನ್ನಡ ಶಾಲೆಗೆ ಮೇಷ್ಟ್ರು ಬೇಕು, ಪುಸ್ತಕ ಬೇಕು, ಅದಕ್ಕಾಗಿ ಗಟ್ಟಿ ದನಿಯಲ್ಲಿ ಕೇಳೋಣ, ಹೋರಾಡೋಣ. ಆದರೆ ನುಡಿಯ ಹೆಸರು ಹೇಳಿಕೊಂಡು ಹೊಸ ಪಾಳೆಯ ಕಟ್ಟಲು ಬರುವವನಿಗೆ ಬಾಗಿಲು ತೆರೆಯಬೇಡಿ. ಜಗ್ಗರಾಯನ ಕಡೆಯಲ್ಲೂ ಯಾಚಮನ ಕಡೆಯಲ್ಲೂ ತೆಲುಗು ನಾಯಕರೇ ಇದ್ದರು. ಮಾಯಕೊಂಡದಲ್ಲಿ ಎರಡೂ ಕಡೆ ಕನ್ನಡಿಗರಿದ್ದರು. ಒಂದೇ ನುಡಿ ಆಡುವವರೆಂದು ಯಾರೂ ಕತ್ತಿ ಕೆಳಗಿಡಲಿಲ್ಲ.

ಈಗ ನಾನು ಒಬ್ಬೊಬ್ಬರನ್ನೂ ಹೆಸರು ಹಿಡಿಯದೆ, ಕೈ ಹಿಡಿದು ಕೇಳುತ್ತೇನೆ.

ಹಿರಿಯರೇ, ನಿಮ್ಮ ಮೌನವೇ ಹಗೆಗೆ ಮೊದಲ ಆಯುಧ. ನ್ಯಾಯದ ಕಟ್ಟೆಯ ಮೇಲೆ ಕೂತವರು ತಮ್ಮ ಕಡೆಯವನ ತಪ್ಪನ್ನು ಮೊದಲು ಹೇಳಬೇಕು. ಎದುರಿನವನ ತಪ್ಪನ್ನು ಯಾರು ಬೇಕಾದರೂ ಹೇಳಿಯಾರು. ಅನ್ಯಾಯ ಕಂಡವರು ಕೋರ್ಟಿನಲ್ಲಿ ನಿಂತು ಕಂಡದ್ದನ್ನು ಹೇಳಿ. ಸಾಕ್ಷಿಗೆ ಬಂದವನ ಹಿಂದೆ ಊರೇ ನಿಂತರೆ ಅವನನ್ನು ಹೆದರಿಸುವವರು ಯಾರು?

ತಾಯಂದಿರೇ, ಸೇಡಿನ ಕಥೆಯನ್ನು ತೊಟ್ಟಿಲ ಬಳಿ ಹೇಳಬೇಡಿ. ಗಂಡನನ್ನು ಕಳೆದುಕೊಂಡ ನೋವು ನಿಮ್ಮದು. ಅದನ್ನು ಅಳಿಸಿ ಎನ್ನುವ ಹಕ್ಕು ನನಗಿಲ್ಲ. ಅದೇ ನೋವನ್ನು ಇನ್ನೊಬ್ಬ ಹೆಣ್ಣಿನ ಮನೆಗೆ ಕಳಿಸಬೇಡಿ ಎಂದಷ್ಟೇ ಬೇಡುತ್ತೇನೆ.

ಮೇಷ್ಟ್ರುಗಳೇ, ಮಕ್ಕಳನ್ನು ರಾಯದುರ್ಗದ ಬೆಟ್ಟಕ್ಕೂ ಪೆನುಕೊಂಡೆಗೂ ಕರೆದೊಯ್ಯಿರಿ. ಕೋಟೆ ಕಟ್ಟಿದವನ ಹೆಸರಿನ ಜೊತೆಗೆ ಕಲ್ಲು ಹೊತ್ತವರ ಮಾತೂ ಬರಲಿ. ತೋಪೂರಿನಲ್ಲಿ ಗೆದ್ದದ್ದು ಯಾರೆಂದು ಕೇಳಿದ ಮೇಲೆ, ಒಡೆದ ಕಟ್ಟೆಯ ಕೆಳಗಿದ್ದ ಗದ್ದೆಗಳ ಗತಿ ಏನಾಯಿತೆಂದೂ ಕೇಳಿ. ಅಗಸನ ಧೈರ್ಯವನ್ನು ಯಾಚಮನ ಶೌರ್ಯಕ್ಕಿಂತ ಮೊದಲು ಹೇಳಿ.

ಹುಡುಗರೇ, ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರು ನೀವು, ಬಳ್ಳಾರಿಗೆ ಕೂಲಿಗೆ ಹೋಗುವವರು ನೀವು, ಬೆಂಗಳೂರಿನಲ್ಲಿ ಓದುವವರು ನೀವು. ಸಿನಿಮಾದಲ್ಲಿ ಬೀಳುವ ತಲೆಗೆ ತಾಯಿ ಇರುವುದಿಲ್ಲ, ನಿಮಗೆ ಇದ್ದಾಳೆ. ನಿಮ್ಮ ಕೈಗೆ ಮಚ್ಚು ಕೊಡುವ ನಾಯಕನಿಗೆ ಒಂದೇ ಪ್ರಶ್ನೆ ಹಾಕಿ: ನಿಮ್ಮ ಮಗ ಎಲ್ಲಿ ಓದುತ್ತಿದ್ದಾನೆ, ಅವನೂ ಇಂದು ರಾತ್ರಿ ನಮ್ಮ ಜೊತೆ ಬರುತ್ತಾನೆಯೇ?

ಮುಂದಿನ ಎಲೆಕ್ಷನ್ನಿಗೆ ಮುಂಚೆ ಪ್ರತಿ ಊರಿನ ಕಟ್ಟೆಯ ಮೇಲೆ ಎರಡೂ ಪಾರ್ಟಿಯವರು, ಎಲ್ಲ ಕೇರಿಯವರು, ಹೆಂಗಸರೂ ಸೇರಿದಂತೆ ಒಟ್ಟಿಗೆ ಕೂರಲಿ. ಗೆದ್ದರೂ ಸೋತರೂ ಯಾರ ಗಿಡವನ್ನೂ ಕಡಿಯುವುದಿಲ್ಲ, ಯಾರ ನೀರನ್ನೂ ನಿಲ್ಲಿಸುವುದಿಲ್ಲ, ಯಾರ ಮಗನ ಕೈಗೂ ಆಯುಧ ಕೊಡುವುದಿಲ್ಲ ಎಂದು ಎಲೆಕ್ಷನ್ನಿಗೆ ನಿಂತ ಅಭ್ಯರ್ಥಿಗಳೆಲ್ಲ ಊರೆದುರು ಮಾತು ಕೊಡಲಿ. ಆ ಮಾತು ಕೊಡಲಾರದವನು ಯಾವ ಜಾತಿಯವನೇ ಆಗಿರಲಿ, ಯಾವ ಪಕ್ಷದವನೇ ಆಗಿರಲಿ, ನಮ್ಮ ರಕ್ತಸಂಬಂಧಿಯೇ ಆಗಿರಲಿ, ಅವನಿಗೆ ನಮ್ಮ ವೋಟು ಇಲ್ಲ. ಕೊಟ್ಟ ಮಾತು ಮುರಿದವನಿಗೆ ಊರಿನಲ್ಲಿ ಮರ್ಯಾದೆಯೂ ಇಲ್ಲ.