ತಪ್ಪಿಲ್ಲದವನಿಗೆ ವಕೀಲನೇಕೆ?

ಕಳೆದ ರಾಜ್ಯೋತ್ಸವದ ಕೂಟದಲ್ಲಿ ಬಿಸಿಬೇಳೆ ಭಾತಿನ ತಟ್ಟೆ ಹಿಡಿದು ನಿಂತಿದ್ದಾಗ ಮಹನೀಯರೊಬ್ಬರು ನನಗೆ ಉಪದೇಶ ಮಾಡಿದರು: "ನೋಡಿ ಸ್ವಾಮಿ, ಪೌರತ್ವದ ಸಂದರ್ಶನಕ್ಕೆ ವಕೀಲರನ್ನು ಕಟ್ಟಿಕೊಂಡು ಹೋಗುವುದೆಂದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. ತಪ್ಪಿಲ್ಲದವನಿಗೆ ವಕೀಲನೇಕೆ?" ಸುತ್ತ ನಿಂತಿದ್ದ ಎಂಟು ಹತ್ತು ಜನ ತಲೆಯಾಡಿಸಿದರು. ನಾನೂ ಆಡಿಸಿದೆ. ಕೂಟ ನಡೆದದ್ದು ಮೈಸೂರಿನಲ್ಲಲ್ಲ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಒಂದು ಶಾಲೆಯ ಊಟದ ಮನೆಯಲ್ಲಿ. ಆ ಮಾತು ಸುಳ್ಳೆಂದೂ, ಬರಿಯ ಸುಳ್ಳಲ್ಲ, ಅಪಾಯಕರವಾದ ಸುಳ್ಳೆಂದೂ ಹೇಳುವುದಕ್ಕಾಗಿ ಈಗ ಲೇಖನಿ ಹಿಡಿದಿದ್ದೇನೆ.

ಅಮೆರಿಕದ ವಿಚಾರ ನಮಗೇಕೆ ಎನ್ನುವ ಓದುಗರು ತಮ್ಮ ಬೀದಿಯ ಮನೆಗಳನ್ನು ಒಮ್ಮೆ ಎಣಿಸಿ ನೋಡಲಿ. ಜಯನಗರದಲ್ಲಿ, ಮಲ್ಲೇಶ್ವರದಲ್ಲಿ, ನಮ್ಮ ಸರಸ್ವತೀಪುರದಲ್ಲಿ, ಮಗನೋ ಮಗಳೋ ಅಲ್ಲಿಲ್ಲದ ಮನೆ ಎಷ್ಟು? ಭಾನುವಾರ ಬೆಳಿಗ್ಗೆ ಫೋನಿನಲ್ಲಿ "ವಕೀಲರಿಗೆ ಯಾಕೋ ಸುಮ್ಮನೆ ದುಡ್ಡು ಸುರಿಯುತ್ತೀಯ?" ಎಂದು ಮಕ್ಕಳಿಗೆ ಬುದ್ಧಿ ಹೇಳುವವರು ಈ ಪುಟದ ಓದುಗರೇ.

ವಕೀಲರ ಪರವಾಗಿ ಬರೆಯುವುದು ನನ್ನ ಜಾಯಮಾನವಲ್ಲ. ಮೂವತ್ತನಾಲ್ಕು ವರ್ಷ ಮೈಸೂರು ಸೀಮೆಯ ನ್ಯಾಯಾಲಯಗಳಲ್ಲಿ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ವಾಯಿದೆ ಕೇಳುವುದನ್ನೇ ಒಂದು ವಿದ್ಯೆ ಮಾಡಿಕೊಂಡ ಎಷ್ಟೋ ಕರಿ ಕೋಟುಗಳನ್ನು ಕಂಡಿದ್ದೇನೆ. ಕಕ್ಷಿಗಾರನ ಹೊಲ ಮಾರಿಸಿ ತಾವು ಮಹಡಿ ಕಟ್ಟಿಸಿದವರನ್ನೂ ಕಂಡಿದ್ದೇನೆ. ಹೆಂಡತಿ ತೀರಿಕೊಂಡ ಮೇಲೆ ೨೦೧೯ರಲ್ಲಿ ಮಗನ ಮನೆಗೆ ಬಂದೆ. ಅವನು ಆ ದೇಶದ ಪ್ರಜೆಯಾದುದರಿಂದ ನನಗೆ ಗ್ರೀನ್ ಕಾರ್ಡು ಸಿಕ್ಕಿತು. ಐದು ವರ್ಷ ಕಳೆದ ಮೇಲೆ, ೨೦೨೫ರ ಬೇಸಿಗೆಯಲ್ಲಿ, ಪೌರತ್ವಕ್ಕೆ ಎನ್-೪೦೦ ಎಂಬ ಅರ್ಜಿ ಹಾಕಿದೆ. ಮಗ ವಕೀಲರ ಮಾತೆತ್ತಿದಾಗ ನಕ್ಕವನು ನಾನೇ. "ಕೋರ್ಟಿನಲ್ಲಿ ಹಲ್ಲು ಉದುರಿಸಿಕೊಂಡವನಿಗೆ ಗೈಡು ಬೇಕೇನೋ?" ಎಂದೆ.

ಕಳೆದ ಚಳಿಗಾಲ ಒಬ್ಬನೇ ಹೋದೆ. ಬಲಗೈ ಎತ್ತಿ ಪ್ರಮಾಣ ಮಾಡಿಸಿದರು. ನನ್ನದು ಹಳೆಯ ಪರೀಕ್ಷೆ: ನೂರು ಪ್ರಶ್ನೆಗಳ ಪಟ್ಟಿಯಿಂದ ಹತ್ತು, ಆರು ಸರಿಯಾದರೆ ತೇರ್ಗಡೆ. (೨೦೨೫ರ ಅಕ್ಟೋಬರ್ ೨೦ರಿಂದೀಚೆಗೆ ಅರ್ಜಿ ಹಾಕಿದವರಿಗೆ ೧೨೮ರ ಪಟ್ಟಿಯಿಂದ ಇಪ್ಪತ್ತು, ಹನ್ನೆರಡು ಸರಿಯಾಗಬೇಕು.) ಮೊದಲ ಆರಕ್ಕೇ ಆರೂ ಸರಿ ಹೇಳಿದೆ, ಅಧಿಕಾರಿ ಮೆಚ್ಚಿ ನಕ್ಕರು. ಯುವಕ, ವಿನಯವಂತ, ನನ್ನನ್ನು 'ಸರ್' ಎಂದೇ ಕರೆದವರು. ಅವರ ಮೇಲೆ ನನಗೆ ದೂರಿಲ್ಲ. ಆಮೇಲೆ ಪ್ರಯಾಣದ ಪಟ್ಟಿಗೆ ಬಂದರು. ಒಂದು ಸಲ ೨೪೩ ದಿನ ದೇಶದ ಹೊರಗಿದ್ದಿರಲ್ಲ, ಎಲ್ಲಿದ್ದಿರಿ ಎಂದು ಕೇಳಿದರು.

"ಅಟ್ ಹೋಮ್. ಇನ್ ಮೈಸೂರು" ಎಂದೆ.

"ಹೋಮ್?" ಎಂದರು.

"ಎಸ್, ಹೋಮ್" ಎಂದೆ, ಒಂದಿಷ್ಟು ಹೆಮ್ಮೆಯಿಂದಲೇ.

ಅವರು ಅದನ್ನು ಬರೆದುಕೊಂಡರು. ನನ್ನ ಅಕ್ಕನಿಗೆ ಪಾರ್ಶ್ವವಾಯು ಬಡಿದು, ಅವಳ ಹಾಸಿಗೆಯ ಪಕ್ಕದಲ್ಲಿ ಎಂಟು ತಿಂಗಳು ಕುಳಿತು, ಕರ್ಮಾಂತರ ಮುಗಿಸಿ ಹಿಂದಿರುಗಿದೆನೆಂಬುದನ್ನು ಅವರು ಕೇಳಲಿಲ್ಲ; ಕೇಳದ್ದನ್ನು ಹೇಳಬಾರದೆಂದು ಸಾಕ್ಷಿಗಳಿಗೆ ಮೂವತ್ತನಾಲ್ಕು ವರ್ಷ ಬುದ್ಧಿ ಹೇಳಿದ ನಾನು ಹೇಳಲೂ ಇಲ್ಲ. 'ಊರು' ಎಂಬುದಕ್ಕೆ ಇಂಗ್ಲಿಷಿನಲ್ಲಿ ಮಾತಿಲ್ಲ. ಬೆಂಗಳೂರಿನಲ್ಲಿ ಐವತ್ತು ವರ್ಷ ಸ್ವಂತ ಮನೆಯಲ್ಲಿ ಬಾಳಿದವನೂ "ಊರಿಗೆ ಹೋಗಿದ್ದೆ" ಎಂದರೆ ಹಾಸನದ ಕಡೆಯ ಯಾವುದೋ ಹಳ್ಳಿಗೆ ಹೋಗಿದ್ದನೆಂದೇ ಅರ್ಥ. ಆ ಮೇಜಿನ ಮುಂದೆ ಮಾತ್ರ 'ಹೋಮ್' ಎಂಬುದು ಕಾನೂನಿನ ಮಾತು. ಆರು ತಿಂಗಳಿಗೆ ಮೀರಿ, ಒಂದು ವರ್ಷದೊಳಗೆ ಹೊರಗಿದ್ದವನ ವಾಸ ಕಡಿದುಹೋಯಿತೆಂದು ಆ ದೇಶದ ಕಾನೂನು ಮೊದಲೇ ಭಾವಿಸಿಕೊಳ್ಳುತ್ತದೆ. ಕಡಿದಿಲ್ಲವೆಂದು ತೋರಿಸುವ ಭಾರ ಅರ್ಜಿದಾರನದು. ನನ್ನ ಸಂಸಾರ ಇಲ್ಲೇ ಇತ್ತು, ನನ್ನ ಕೋಣೆ ಇಲ್ಲೇ ಇತ್ತು, ಅಲ್ಲಿ ನಾನು ಉದ್ಯೋಗ ಹಿಡಿಯಲಿಲ್ಲ ಎಂದು ಕಾಗದ ಸಮೇತ ತೋರಿಸಬೇಕು. ಸಾಬೀತಿನ ಭಾರ ಎಂಬ ಮಾತನ್ನು ಸಾವಿರ ಸಲ ನಕಲು ಮಾಡಿದ ಕೈ ನನ್ನದು. ನಾನು ಒಯ್ದಿದ್ದುದು ಪಾಸ್‌ಪೋರ್ಟು ಮತ್ತು ಗ್ರೀನ್ ಕಾರ್ಡು. ಜೊತೆಗೆ ಬಾಯಾರಿದರೆ ಕುಡಿಯಲು ಒಂದು ಸೀಸೆ ನೀರು. ಆ ದಿನ ತೀರ್ಮಾನ ಹೇಳಲಿಲ್ಲ. ದಾಖಲೆ ಕೇಳಿ ಪತ್ರ ಬಂತು.

ಈಗ ಆ ಮಹನೀಯರ ವಾದಕ್ಕೆ ಬರುತ್ತೇನೆ. ವಕೀಲರನ್ನು ಕಂಡರೆ ಅಧಿಕಾರಿಗೆ ಅನುಮಾನ ಹುಟ್ಟುತ್ತದೆ ಎನ್ನುತ್ತಾರೆ. ವಕೀಲರ ಹಾಜರಿಗೆಂದೇ ಜಿ-೨೮ ಎಂಬ ನಮೂನೆಯನ್ನು ಅಚ್ಚು ಹಾಕಿಸಿರುವುದು ಆ ಸರ್ಕಾರವೇ. ವಿಚಾರಣೆಗೆ ಬರುವವನು ಪ್ರತಿನಿಧಿಯನ್ನು ಕರೆತರಬಹುದೆಂದು ನಿಯಮ ಮಾಡಿರುವುದೂ ಅದೇ. ದಿನ ಬೆಳಗಾದರೆ ವಕೀಲರ ಮುಖ ನೋಡುವ ಅಧಿಕಾರಿಗೆ ಅದು ಅಂಚೆಯವನು ಬಂದಷ್ಟೇ ಸಾಮಾನ್ಯ. ಮದುವೆಗೆ ಪುರೋಹಿತರು ಬಂದರೆಂದು ವರನ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೆ?

ವಕೀಲರು ನಮ್ಮ ಬದಲು ಉತ್ತರ ಹೇಳುವಂತಿಲ್ಲವಲ್ಲ, ಮತ್ತೇಕೆ ಎಂಬುದು ಎರಡನೆಯ ವಾದ. ನಿಜ, ಹೇಳುವಂತಿಲ್ಲ, ಪರೀಕ್ಷೆಯ ಪ್ರಶ್ನೆಗಂತೂ ತುಟಿ ಅಲ್ಲಾಡಿಸುವಂತಿಲ್ಲ. ಆದರೆ ಪ್ರಶ್ನೆ ಅರ್ಥವಾಗಿಲ್ಲವೆಂದು ಹೇಳಬಹುದು, ಕಾನೂನಿನ ಅಂಶವೊಂದನ್ನು ತೋರಿಸಬಹುದು. ಕೇಳಿದ್ದೇನು, ಹೇಳಿದ್ದೇನು ಎಂದು ಬರೆದಿಟ್ಟುಕೊಳ್ಳಬಹುದು. ನಾನು ಬಲ್ಲಮಟ್ಟಿಗೆ ನ್ಯಾಯಾಲಯದಲ್ಲಿ ಅರ್ಧ ಅನ್ಯಾಯ ಆಗುವುದು ಬರೆದಿಟ್ಟವರು ಒಬ್ಬರೇ ಆದಾಗ.

ಇನ್ನು ಆ 'ತಪ್ಪಿಲ್ಲದವನು' ಎಂಬ ಮಾತು. ನನಗೆ ಸಿಟ್ಟು ಬರುವುದು ಅಲ್ಲೇ. ಯಾರ ಲೆಕ್ಕದಲ್ಲಿ ತಪ್ಪಿಲ್ಲ? ಕ್ಯಾಲಿಫೋರ್ನಿಯದಲ್ಲಿ ಗಾಂಜಾ ಮಾರುವ ಅಂಗಡಿಗೆ ಪರವಾನಗಿ ಇದೆ. ಬಾಗಿಲಲ್ಲಿ ದೀಪ ಹಾಕಿಕೊಂಡು ಮಾರುತ್ತಾರೆ. ಅಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದ ಹುಡುಗನಿಗೆ ತಾನು ತಪ್ಪು ಮಾಡುತ್ತಿದ್ದೇನೆಂದು ಹೇಗೆ ತಿಳಿಯಬೇಕು? ರಾಜ್ಯದ ಕಾನೂನು ಒಪ್ಪಿದರೂ ಕೇಂದ್ರದ ಕಾನೂನಿನಲ್ಲಿ ಅಪರಾಧವಾದುದರಿಂದ ಅಂಥ ಉದ್ಯೋಗವೂ ಸನ್ನಡತೆಗೆ ಕುಂದಾಗಬಹುದೆಂದು ೨೦೧೯ರಲ್ಲೇ ಸರ್ಕಾರ ಸ್ಪಷ್ಟಪಡಿಸಿತು. ಇನ್ನೊಂದು: ೧೯೯೩ರ ಕಾನೂನಿನ ಪ್ರಕಾರ ವಾಹನ ಚಾಲನೆಯ ಪರವಾನಗಿ ಕೊಡುವ ಕಚೇರಿಯಲ್ಲೇ ಮತದಾರರ ಪಟ್ಟಿಗೂ ಹೆಸರು ಬರೆಸಿಕೊಳ್ಳುತ್ತಾರೆ. ಗುಮಾಸ್ತ ಕೇಳಿದ್ದಕ್ಕೆಲ್ಲ 'ಹೂಂ' ಎಂದು ರುಜು ಹಾಕಿ ಬರುವುದು ನಮ್ಮವರ ಅಭ್ಯಾಸ. ಪ್ರಜೆಯಲ್ಲದವನು ಪ್ರಜೆಯೆಂದು ಹೇಳಿಕೊಂಡರೆ, ಮತ ಹಾಕಿದರೆ, ದೇಶದಿಂದ ಹೊರಡಿಸಲು ಅದೇ ಕಾರಣವಾಗಬಹುದೆಂದು ೧೯೯೬ರ ಕಾನೂನು ಹೇಳುತ್ತದೆ. ಇಂಥವನು 'ನನ್ನದೇನು ತಪ್ಪಿದೆ' ಎಂದು ಎದೆ ತಟ್ಟಿಕೊಂಡು ಪೌರತ್ವಕ್ಕೆ ಅರ್ಜಿ ಹಾಕುವುದೆಂದರೆ ತನ್ನ ಮೇಲಿನ ಫಿರ್ಯಾದನ್ನು ತಾನೇ ಬರೆದು, ಶುಲ್ಕ ಕಟ್ಟಿ, ಒಪ್ಪಿಸಿದಂತೆ. ಆ ಶುಲ್ಕವೂ ಕಡಿಮೆಯಲ್ಲ: ೨೦೨೪ರ ಏಪ್ರಿಲ್‌ನಿಂದ ಕಾಗದದ ಅರ್ಜಿಗೆ ೭೬೦ ಡಾಲರು. ಅರ್ಜಿಯ ಪರಿಶೀಲನೆಯಲ್ಲಿ ಹೊರಡಿಸಲು ಆಧಾರ ಕಂಡರೆ ವಲಸೆ ನ್ಯಾಯಾಲಯಕ್ಕೆ ಕರೆಯುವ ನೋಟೀಸು ಕೊಡುವ ಧೋರಣೆಯನ್ನು ೨೦೨೫ರ ಫೆಬ್ರವರಿಯಲ್ಲಿ ಇನ್ನಷ್ಟು ಬಿಗಿ ಮಾಡಿದರು.

ಅದೇ ವರ್ಷದ ಏಪ್ರಿಲ್ ೧೪ರಂದು ವರ್ಮಾಂಟ್ ರಾಜ್ಯದ ಕೋಲ್‌ಚೆಸ್ಟರಿನಲ್ಲಿ ಮೊಹ್ಸೆನ್ ಮಹ್ದಾವಿ ಎಂಬ ಪ್ಯಾಲೆಸ್ತೀನಿ ವಿದ್ಯಾರ್ಥಿ ಪೌರತ್ವದ ಸಂದರ್ಶನಕ್ಕೆ ಹೋದಲ್ಲೇ ಬಂಧಿತನಾದ. ಆತನ ರಾಜಕೀಯದ ವಿಷಯದಲ್ಲಿ ಓದುಗರ ಅಭಿಪ್ರಾಯ ಏನೇ ಇರಲಿ. ಇದು ಬಲೆಯಿರಬಹುದೆಂದು ಆತ ಮೊದಲೇ ಶಂಕಿಸಿದ್ದ. ಅವನ ವಕೀಲರು ಸಿದ್ಧರಾಗಿದ್ದರು. ಅವನನ್ನು ವರ್ಮಾಂಟಿನಿಂದ ಹೊರಗೆ ಸಾಗಿಸಕೂಡದೆಂದು ನ್ಯಾಯಾಧೀಶರ ಆಜ್ಞೆ ಅದೇ ದಿನ ಬಂತು. ಏಪ್ರಿಲ್ ೩೦ರಂದು ಬಿಡುಗಡೆಯಾದ. ಆ ವಸಂತದಲ್ಲಿ ಹಿಡಿದ ಬೇರೆ ಕೆಲವರನ್ನು ದೂರದ ಲೂಯಿಸಿಯಾನಕ್ಕೆ ಸಾಗಿಸಿ ವಾರಗಟ್ಟಲೆ, ತಿಂಗಳುಗಟ್ಟಲೆ ಇಟ್ಟಿದ್ದರು.

ಇದೆಲ್ಲ ಹೊಸ ಕಾಲದ ಪೀಡೆ ಎಂದುಕೊಳ್ಳಬೇಡಿ. ೧೯೨೩ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರ ಮೊಕದ್ದಮೆಯಲ್ಲಿ, ಭಾರತೀಯರು ಕಾನೂನು ಹೇಳುವ 'ಬಿಳಿಯರು' ಅಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಥಿಂಡ್ ಮೊದಲನೆಯ ಮಹಾಯುದ್ಧದಲ್ಲಿ ಅದೇ ಅಮೆರಿಕದ ಸೈನಿಕರಾಗಿದ್ದವರು. ಅದರ ಮೇಲೆ ಸರ್ಕಾರ, ಆಗಲೇ ಪ್ರಜೆಗಳಾಗಿದ್ದ ಭಾರತೀಯರ ಪೌರತ್ವವನ್ನು ಕಿತ್ತುಕೊಳ್ಳಲು ಹೊರಟಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವ್ಯಾಪಾರ ಮಾಡಿಕೊಂಡಿದ್ದ ವೈಷ್ಣೋ ದಾಸ್ ಬಾಗಾಯಿ ಅದನ್ನು ಕಳೆದುಕೊಂಡು, ೧೯೨೮ರಲ್ಲಿ ಪತ್ರಿಕೆಗೊಂದು ಕಾಗದ ಬರೆದಿಟ್ಟು ಪ್ರಾಣ ಬಿಟ್ಟರು. ಥಿಂಡ್ ಪರ ನಿಂತಿದ್ದ ವಕೀಲ ಸಖಾರಾಮ ಗಣೇಶ ಪಂಡಿತರ ಮೇಲೂ ಮೊಕದ್ದಮೆ ಬಂತು. ೧೯೧೪ರಲ್ಲಿ ನ್ಯಾಯಾಲಯವೇ ಕೊಟ್ಟ ಪೌರತ್ವವನ್ನು ನಂಬಿ ವಕೀಲಿಗೆ ಇಳಿದೆ, ಆಸ್ತಿ ಕೊಂಡೆ, ಮದುವೆಯಾದೆ, ಈಗ ಅದನ್ನು ಹಿಂದಕ್ಕೆಳೆಯಲು ನಿಮಗೆ ಅಧಿಕಾರವಿಲ್ಲ ಎಂದು ಅವರು ಹೋರಾಡಿದರು. ೧೯೨೬ರಲ್ಲಿ ಮೇಲ್ಮನವಿಯ ನ್ಯಾಯಾಲಯದಲ್ಲೂ ಗೆದ್ದರು. ಮರುವರ್ಷ ಸರ್ವೋಚ್ಚ ನ್ಯಾಯಾಲಯ ಸರ್ಕಾರದ ಮನವಿಗೆ ಕಿವಿಗೊಡಲಿಲ್ಲ. ಆಮೇಲೆ ಉಳಿದ ಭಾರತೀಯರ ಮೇಲಿನ ಇಂಥ ಮೊಕದ್ದಮೆಗಳು ನಿಂತವು. ಬಾಗಾಯಿ ಸತ್ತದ್ದು ವಕೀಲರಿಲ್ಲದೆ ಎಂದು ನಾನು ಹೇಳುವುದಿಲ್ಲ. ಇಬ್ಬರಲ್ಲಿ ತಪ್ಪಿದ್ದವರು ಯಾರು? ಆ ಮಹನೀಯರು ಹೇಳಲಿ.

ಅವರಿಗೆ ಇನ್ನೊಂದು ಮಾತನ್ನೂ ಕೇಳಬೇಕಾಗಿದೆ. ಅವರು ಇಪ್ಪತ್ತು ವರ್ಷದ ಹಿಂದೆ ಕಂಪನಿಯ ಕೆಲಸಕ್ಕೆ ಬಂದವರು. ಅವರ ಎಚ್-೧ಬಿ ವೀಸಾ, ಅದರ ನವೀಕರಣ, ಗ್ರೀನ್ ಕಾರ್ಡಿನ ಅರ್ಜಿ, ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಬರೆದವರು ವಕೀಲರು. ಕಂಪನಿ ದುಡ್ಡು ಕೊಟ್ಟಿತು. ಆಗ ಹೆಗಲು ಮುಟ್ಟಿಕೊಂಡಂತಾಗಲಿಲ್ಲ. ಸ್ವಂತ ಜೇಬಿನಿಂದ ಕೊಡುವ ಹೊತ್ತಿಗೆ ವಕೀಲನೆಂಬುವನು ಕಳ್ಳನ ಗುರುತಾಗಿಬಿಟ್ಟ! ಇವರು ತಮ್ಮ ಜಿಪುಣತನವನ್ನು ಸತ್ಯಸಂಧತೆ ಎಂದು ಕರೆದುಕೊಂಡರೆ ನನಗೆ ನಷ್ಟವಿಲ್ಲ. ಆದರೆ ಕೂಟದಲ್ಲಿ ಅದನ್ನು ಕೇಳಿ ತಲೆಯಾಡಿಸುವವರಲ್ಲಿ ಅಂಗಡಿಯಲ್ಲಿ ದುಡಿಯುವ ಹುಡುಗರಿರುತ್ತಾರೆ, ನನ್ನಂಥ ಮುದುಕರಿರುತ್ತಾರೆ.

ಎಲ್ಲರೂ ಸಂದರ್ಶನದ ಕೋಣೆಗೆ ವಕೀಲರನ್ನು ಕರೆದೊಯ್ಯಲೇಬೇಕೆಂಬ ಹಟ ನನಗಿಲ್ಲ. ನೇರವಾದ ಬದುಕು, ನೇರವಾದ ಕಾಗದ, ಚಿಕ್ಕ ಪ್ರಯಾಣಗಳು, ಇಂಥವರು ಒಬ್ಬರೇ ಹೋಗಿ ತೇರ್ಗಡೆಯಾಗಿ ಬರುತ್ತಾರೆ, ಬರಲಿ. ಆದರೆ ತನ್ನ ಕಡತ ನೇರವಾಗಿದೆಯೆಂದು ತಾನೇ ಷರಾ ಬರೆದುಕೊಳ್ಳುವ ಹಕ್ಕು ಯಾವ ಗುಮಾಸ್ತನಿಗೂ ಇಲ್ಲ. ಅರ್ಜಿ ಹಾಕುವ ಮೊದಲು ಕಾನೂನು ಬಲ್ಲವರು ಅದನ್ನೊಮ್ಮೆ ಓದಬೇಕು. ಪ್ರತಿನಿಧಿಯ ಹಕ್ಕು 'ಸರ್ಕಾರದ ಖರ್ಚಿಲ್ಲದೆ' ಎಂಬುದು ಅಲ್ಲಿಯ ಕಟ್ಟಲೆ. ಎಂದರೆ ದುಡ್ಡಿದ್ದವನ ಹಕ್ಕು. ಇದು ನಾಚಿಕೆಗೇಡು. ದುಡ್ಡಿಲ್ಲದವರಿಗೆ ಧರ್ಮಸಂಸ್ಥೆಗಳಲ್ಲಿ ಸರ್ಕಾರದ ಮನ್ನಣೆ ಪಡೆದ ಪ್ರತಿನಿಧಿಗಳಿದ್ದಾರೆ, ಅಲ್ಪ ಶುಲ್ಕಕ್ಕೆ, ಕೆಲವೆಡೆ ಉಚಿತವಾಗಿ. ನಮ್ಮ ಕೂಟಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಬದಲಿಗೆ 'ನಾನು ವಕೀಲರಿಲ್ಲದೆ ಮುಗಿಸಿಕೊಂಡು ಬಂದೆ' ಎಂದು ಹುಲಿ ಹೊಡೆದವರ ಹಾಗೆ ಹೇಳಿಕೊಳ್ಳುತ್ತಾರೆ.

ಪತ್ರ ಬಂದ ಮೇಲೆ ಮಗ ನನ್ನನ್ನು ಕರೆದುಕೊಂಡು ಹೋದ ವಕೀಲರು ನನ್ನ ಮೊಮ್ಮಗಳ ವಯಸ್ಸಿನ ಹೆಣ್ಣುಮಗಳು. ಸಾವಿರದ ಎಂಟುನೂರು ಡಾಲರು ಎಂದಾಗ ಎದೆ ಧಸಕ್ಕೆಂದಿತು. ಆಕೆ ಕೇಳಿದ ಮೊದಲ ಪ್ರಶ್ನೆ: "ಮೈಸೂರಿನಲ್ಲಿದ್ದಾಗ ನ್ಯೂಜೆರ್ಸಿಯ ಮನೆಯ ಬೀಗದ ಕೈ ಎಲ್ಲಿತ್ತು?" ಅದು ನನ್ನ ಸಂಚಿಯಲ್ಲೇ ಇತ್ತು, ಎಂಟು ತಿಂಗಳೂ. ಮೂವತ್ತನಾಲ್ಕು ವರ್ಷದಲ್ಲಿ ಒಬ್ಬ ವಕೀಲರೂ ಅಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. ಹೊರಡುವಾಗಲೇ ಕೊಂಡಿದ್ದ ಹಿಂದಿರುಗುವ ಟಿಕೆಟು, ಅಕ್ಕನ ಕಾಯಿಲೆ ಹೆಚ್ಚಿದಂತೆ ಎರಡು ಸಲ ಮುಂದೂಡಿದ್ದು, ಆಸ್ಪತ್ರೆಯ ಕಾಗದ, ಇಲ್ಲಿಯ ಬ್ಯಾಂಕಿನ ಲೆಕ್ಕ, ಎಲ್ಲವನ್ನೂ ಆಕೆ ಪುಟದ ಸಂಖ್ಯೆ ಹಾಕಿ ಹೊಲಿಸಿದರು. ಎರಡನೆಯ ಸಲ ಕರೆದಾಗ ಪಕ್ಕದಲ್ಲಿ ಕುಳಿತಿದ್ದರು. ಅರ್ಧ ಗಂಟೆಯಲ್ಲಿ ಬಾಯಿ ತೆರೆದದ್ದು ಒಂದೇ ಸಲ. ಹಳೆಯ ಉತ್ತರವನ್ನು ಅಧಿಕಾರಿ ಓದಿದಾಗ, "ಅವರು ಹೋಮ್ ಎಂದದ್ದು ಹುಟ್ಟೂರು ಎಂಬ ಅರ್ಥದಲ್ಲಿ. ಹನ್ನೆರಡನೆಯ ಪುಟ ನೋಡಬೇಕು" ಎಂದರು. ಅಧಿಕಾರಿ ಹನ್ನೆರಡನೆಯ ಪುಟ ತೆಗೆದರು.

ತೀರ್ಮಾನ ಇನ್ನೂ ಬಂದಿಲ್ಲ. ಸಂದರ್ಶನವಾದ ನೂರ ಇಪ್ಪತ್ತು ದಿನದೊಳಗೆ ಹೇಳದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದಂತೆ. ಮೊದಲ ಸಲದಿಂದ ಎಣಿಸಿದರೆ ಇಂದಿಗೆ ತೊಂಬತ್ತೇಳು ದಿನ. ಆ ಹೆಣ್ಣುಮಗಳು ನೂರ ಇಪ್ಪತ್ತನೆಯ ದಿನವನ್ನು ತನ್ನ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಟ್ಟುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.