ಕದ್ಮತ್ ದ್ವೀಪದ ಬೇಸಿಗೆ ರಜೆ

ಮಂಜೇಶ್ವರದ ಕಡೆಯ ಓದುಗ ಸಹೋದರಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಮಗನಿಗೆ ಲಕ್ಷದ್ವೀಪದ ಶಾಲೆಯೊಂದರಲ್ಲಿ ಅಧ್ಯಾಪಕನ ಕೆಲಸ ದೊರೆತಿದೆಯಂತೆ. ಸುತ್ತಲೂ ನೀರೇ ಇರುವ ಊರಿಗೆ ಒಬ್ಬನೇ ಮಗನನ್ನು ಹೇಗೆ ಕಳುಹಿಸುವುದೆಂದು ಮನೆಮಂದಿಯೆಲ್ಲ ಚಿಂತೆಯಲ್ಲಿದ್ದಾರಂತೆ. ನಾವು ಹಿಂದೆ ಆ ದ್ವೀಪಗಳಲ್ಲಿ ಇದ್ದು ಬಂದವರೆಂದು ಅವರು ಎಲ್ಲಿಯೋ ಕೇಳಿ ತಿಳಿದಿದ್ದಾರೆ. ಉಪದೇಶ ಹೇಳುವುದಕ್ಕಿಂತ ನಮ್ಮ ಒಂದು ಬೇಸಿಗೆ ರಜೆಯ ಕಥೆಯನ್ನು ಹೇಳುವುದೇ ಮೇಲೆಂದು ತೋರಿತು.

ನಾವು ವಿಜ್ಞಾನದ ಅಧ್ಯಾಪಕರಾಗಿ ಕದ್ಮತ್ ದ್ವೀಪಕ್ಕೆ ಹೋದದ್ದು 1997ರಲ್ಲಿ. ನಮ್ಮ ಕಾಸರಗೋಡಿನಿಂದ ಹಕ್ಕಿ ಹಾರುವ ದಾರಿಯಲ್ಲಿ ಅದು 300 ಕಿಲೋಮೀಟರಿಗೂ ಕಡಿಮೆ. ಆದರೆ ನಾವು ರೈಲು ಹತ್ತಿ ತೆಂಕಲಿಗೆ ಕೊಚ್ಚಿಯ ತನಕ ಹೋಗಿ, ಅಲ್ಲಿಂದ ಹಡಗೇರಿ ಮತ್ತೆ ಬಡಗಲಿಗೆ ಬರಬೇಕಾಯಿತು. ಹಳೆಯ ತಲೆಮಾರಿನವರಿಗೆ ಇದನ್ನು ಹೇಳಿದರೆ ನಗುತ್ತಿದ್ದರು. ಅವರ ಕಾಲಕ್ಕೆ ಅಮೀನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮೀನ್‌ದೀವಿ ದ್ವೀಪಗಳೂ ನಮ್ಮ ಕಾಸರಗೋಡು ತಾಲೂಕೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಎರಡಕ್ಕೂ ಮಂಗಳೂರಿನ ಕಲೆಕ್ಟರರೇ ದೊರೆ. ದ್ವೀಪದವರು ತೆಂಗಿನ ನಾರು, ಕೊಬ್ಬರಿಗಳನ್ನು ಹಾಯಿಯ ಓಡಗಳಲ್ಲಿ ತುಂಬಿ ಮಂಗಳೂರಿನ ಬಂದರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ಅವರು ಕೇಂದ್ರಾಡಳಿತಕ್ಕೆ ಹೋದರು, ನಾವು ಕೇರಳಕ್ಕೆ ಬಂದೆವು. ಒಂದೇ ದಿನ ಒಂದೇ ಮನೆಯಿಂದ ಪಾಲಾಗಿ ಹೋದವರು ನಾವು. ದ್ವೀಪದವರು ತಮ್ಮ ಹಡಗನ್ನು ‘ಓಡಂ’ ಎನ್ನುವುದನ್ನು ಮೊದಲ ದಿನ ಕೇಳಿದಾಗ, ನಮ್ಮ ಕನ್ನಡದ ‘ಓಡ’ವೇ ಎದುರು ಬಂದು ಕೈ ಹಿಡಿದಂತಾಯಿತು.

ಮಲಯಾಳ ಬಲ್ಲೆವೆಂಬ ನಮ್ಮ ಹಮ್ಮು ಮಾತ್ರ ಒಂದು ವಾರ ನಿಲ್ಲಲಿಲ್ಲ. ಅಲ್ಲಿನ ಜೆಸರಿ ನುಡಿಯಲ್ಲಿ ಪಕಾರವು ಫಕಾರವಾಗುತ್ತದೆ, ಮಾತು ಅಲೆಯಂತೆ ಉರುಳಿ ಹೋಗುತ್ತದೆ. ಮಕ್ಕಳು ನಕ್ಕರು, ನಾವೂ ನಕ್ಕೆವು, ಪಾಠ ನಡೆಯಿತು.

1998ರ ಏಪ್ರಿಲಿನಲ್ಲಿ ಶಾಲೆಗೆ ರಜೆಯಾಯಿತು. ಊರಿಗೆ ಹೋಗೋಣವೆಂದರೆ ಹಡಗಿನಲ್ಲಿ ಸ್ಥಳವಿಲ್ಲ. ಸುಮಾರು 9 ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರಿನಷ್ಟು ಅಗಲ ಇರುವ ನೆಲದಲ್ಲಿ ಎರಡು ತಿಂಗಳು ಏನು ಮಾಡುವುದು? ಒಂಬತ್ತನೆಯ ತರಗತಿಯ ಹುಡುಗನೊಬ್ಬ ತನ್ನ ಚಿಕ್ಕಪ್ಪನ ದೋಣಿಯನ್ನು ತಂದು, “ಮಾಷೇ, ಬನ್ನಿ” ಎಂದ. ಕಡಲ ಕರೆಯಲ್ಲಿ ಹುಟ್ಟಿದವರಾದರೂ ಅಂದಿನವರೆಗೆ ನಾವು ಕಡಲಿಗೆ ಮೊಣಕಾಲಿನಷ್ಟೇ ಇಳಿದವರೆಂದು ಒಪ್ಪಿಕೊಳ್ಳಬೇಕು.

ದ್ವೀಪದ ಪಡುವಲಿಗೆ ಹವಳದ ದಿಣ್ಣೆಯೊಂದು ಕೋಟೆಯ ಗೋಡೆಯಂತೆ ನಿಂತಿದೆ. ಹೊರಗಡಲಿನ ತೆರೆಗಳು ಅದಕ್ಕೆ ಬಡಿದು ನೊರೆಯಾಗಿ ಮುರಿಯುತ್ತವೆ. ಒಳಗಿನ ನೀರು ಕೆರೆಯಂತೆ ಶಾಂತ, ತಳದ ಬಿಳಿ ಮರಳಿನ ಮೇಲೆ ದೋಣಿಯ ನೆರಳು ಬೀಳುವಷ್ಟು ತಿಳಿ. ಹುಡುಗನು ಬಿದಿರಿನ ಗಳು ಊರಿ ದೋಣಿ ನಡೆಸಿದ, ನಮಗೂ ಕಲಿಸಿದ. ನಾವು ಊರಿದ ಗಳುವಿಗೆ ದೋಣಿ ಸುತ್ತು ತಿರುಗಿತೇ ಹೊರತು ಮುಂದೆ ಹೋಗಲಿಲ್ಲ. ಮೂರನೆಯ ದಿನ ಲಂಗರು ಹವಳದ ಸಂದಿನಲ್ಲಿ ಸಿಕ್ಕಿಕೊಂಡಿತು. ಹಗ್ಗವನ್ನು ಜಗ್ಗಿ ಎಳೆಯಲು ಹೊರಟ ನಮ್ಮ ಕೈಯನ್ನು ಆ ಹುಡುಗ ತಡೆದ. “ಎಳೆದರೆ ಕಲ್ಲು ಮುರಿಯುತ್ತದೆ. ಕಲ್ಲು ಮುರಿದರೆ ಮೀನು ಎಲ್ಲಿರಬೇಕು?” ಎಂದು ನೀರಿಗೆ ಹಾರಿ, ಮೂರು ಮಾರು ಆಳಕ್ಕೆ ಮುಳುಗಿ, ಲಂಗರನ್ನು ಮೆಲ್ಲನೆ ಬಿಡಿಸಿಕೊಂಡು ಮೇಲೆ ಬಂದ. ತರಗತಿಯಲ್ಲಿ ಹಿಂದಿನ ಬೆಂಚಿನವನು ಅವನು.

ಬಳಿಕ ಕಣ್ಣಿಗೆ ಕಟ್ಟುವ ಗಾಜನ್ನೂ ಉಸಿರುಗೊಳವೆಯನ್ನೂ ಹೊಂದಿಸಿಕೊಂಡು ನೀರಿನಲ್ಲಿ ಮುಖವಿಟ್ಟೆವು. ಜಿಂಕೆಯ ಕೊಂಬಿನಂಥ ಹವಳ, ಮೇಜಿನಂಥ ಹವಳ, ಮಿದುಳಿನಂತೆ ಸುಕ್ಕುಗಟ್ಟಿದ ಹವಳ. ಕಂದು, ಹಸಿರು, ನೇರಳೆ. ಗಿಣಿಮೀನುಗಳು ಕಲ್ಲನ್ನು ಕಟಕಟನೆ ಕಡಿಯುವ ಸದ್ದು ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವು ಅರೆದು ಹೊರಹಾಕುವ ಪುಡಿಯೇ ಆ ತೀರದ ಬಿಳಿ ಮರಳಿನಲ್ಲಿ ದೊಡ್ಡ ಪಾಲು.

ಪ್ರವಾಸಿಗರಿಗೆ ಮುಳುಗು ಕಲಿಸುವ ಏರ್ಪಾಡೊಂದು ದ್ವೀಪದಲ್ಲಿ ಇತ್ತು. ಅಲ್ಲಿನ ತರಬೇತುದಾರರೊಬ್ಬರು ನಮ್ಮ ಬೆನ್ನಿಗೂ ಸಿಲಿಂಡರು ಕಟ್ಟಿದರು. ಅದರಲ್ಲಿರುವುದು ಆಮ್ಲಜನಕವೆಂದು ಅನೇಕರು ತಿಳಿದಿರುತ್ತಾರೆ, ನಾವೂ ಹಾಗೆಯೇ ತಿಳಿದಿದ್ದೆವು. ಅದು ಒತ್ತಿ ತುಂಬಿದ ಬರಿಯ ಗಾಳಿ. 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಇಮ್ಮಡಿಯಾಗುತ್ತದೆ, ಗಾಳಿಯ ಗಾತ್ರ ಅರೆಯಾಗುತ್ತದೆ. ಬಾಯ್ಲ್‌ನ ನಿಯಮವನ್ನು ಹತ್ತಾರು ವರ್ಷ ಕರಿಹಲಗೆಯ ಮೇಲೆ ಬರೆದವರು ನಾವು. ಎರಡು ಮಾರು ಇಳಿಯುವಷ್ಟರಲ್ಲಿ ಕಿವಿಗೆ ಸೂಜಿ ಚುಚ್ಚಿದಾಗ ಅದು ಮೊದಲ ಸಲ ಅರ್ಥವಾಯಿತು. ಮೂಗು ಹಿಡಿದು ಮೆಲ್ಲನೆ ಊದಿ, ಕಿವಿ ಸಡಿಲಿಸಿಕೊಂಡು ಇಳಿದೆವು. ತಳದಲ್ಲಿ ಬೆರಳು ಕಲ್ಲಿಗೆ ತಾಗಿ ಗೀರಿತು, ಒಸರಿದ ರಕ್ತ ಕಪ್ಪು ಹಸಿರಾಗಿ ಕಂಡಿತು. ನೀರು ಮೊದಲು ನುಂಗುವ ಬಣ್ಣ ಕೆಂಪು. ಆ ರಕ್ತವನ್ನು ಕಂಡು ಗಾಬರಿಯಾಗಿ, ಉಸಿರು ಬಿಗಿಹಿಡಿದು ಒಮ್ಮೆಲೇ ಮೇಲಕ್ಕೆ ಚಿಮ್ಮಲು ಕಾಲು ಮಡಚಿದೆವು. ತರಬೇತುದಾರರು ಭುಜವನ್ನು ಬಲವಾಗಿ ಹಿಡಿದು, ಉಸಿರು ಬಿಡುವಂತೆ ಸನ್ನೆ ಮಾಡಿದರು. ಆಳದಲ್ಲಿ ಒತ್ತಡದ ಗಾಳಿ ಸೇದಿದವನು ಉಸಿರು ಕಟ್ಟಿ ಮೇಲೇರಿದರೆ ಅದು ಎದೆಯೊಳಗೆ ಹಿಗ್ಗಿ ಶ್ವಾಸಕೋಶವನ್ನೇ ಹರಿದೀತು. ಹೆಚ್ಚು ಆಳವೂ ಬೇಕಿಲ್ಲ. ತಪ್ಪು ನಮ್ಮದೇ, ಇಳಿಯುವ ಮುನ್ನ ಅವರು ಅದನ್ನು ಮೂರು ಸಲ ಹೇಳಿದ್ದರು.

ಮೇ ತಿಂಗಳು ಬಂತು. ನೀರು ಮೈಗೆ ತಂಪೆನಿಸುತ್ತಿರಲಿಲ್ಲ, ಹಂಡೆಯಲ್ಲಿ ಆಗಷ್ಟೇ ಬೆಚ್ಚಗಾದ ನೀರಿನಂತೆ ಇತ್ತು. ಒಂದು ಬೆಳಿಗ್ಗೆ ಮುಖವಿಟ್ಟು ನೋಡಿದರೆ ಹವಳವೆಲ್ಲ ಬಿಳಿ! ಕೊಂಬೆಕೊಂಬೆಯೂ ಮಲ್ಲಿಗೆ ಮುಡಿದಂತೆ ಹೊಳೆಯುತ್ತಿತ್ತು. ಹವಳ ಹೂಬಿಡುವ ಕಾಲವಿರಬೇಕೆಂದು ನಾವು ಹಿಗ್ಗಿ, ನೀರಿನಿಂದ ತಲೆಯೆತ್ತಿ ಹುಡುಗನಿಗೆ ಕೂಗಿ ಹೇಳಿದೆವು. ಅವನು ಬಹಳ ಹೊತ್ತು ನೋಡಿದ. ದೋಣಿ ಹತ್ತಿದ ಮೇಲೆ, “ಮಾಷೇ, ಇದು ಸರಿಯಿಲ್ಲ. ನನ್ನ ಅಜ್ಜನೂ ಹೀಗೆ ನೋಡಿರಲಾರ” ಎಂದನು.

ಅವನು ಹೇಳಿದ್ದೇ ನಿಜವಾಯಿತು. ಹವಳವೆಂಬುದು ಸಣ್ಣ ಸಣ್ಣ ಜೀವಿಗಳು ಕಟ್ಟಿಕೊಂಡ ಸುಣ್ಣದ ಮನೆ. ಆ ಜೀವಿಗಳ ಮೈಯೊಳಗೆ ಇನ್ನೂ ಸಣ್ಣ ಪಾಚಿಯೊಂದು ಬಿಡಾರ ಹೂಡಿ, ಬಿಸಿಲಿನಿಂದ ಆಹಾರ ಮಾಡಿ ಒಡೆಯನಿಗೂ ಉಣಿಸುತ್ತದೆ. ಬಣ್ಣವೂ ಬಹುಮಟ್ಟಿಗೆ ಅದರದೇ. ಎಂದಿನ ಬೇಸಿಗೆಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾವು ಕೆಲವು ವಾರ ನಿಂತರೆ ಹವಳವು ಆ ಪಾಚಿಯನ್ನು ಹೊರದಬ್ಬುತ್ತದೆ. ಬಿಳಿಚಿದ ಹವಳ ಸತ್ತಿಲ್ಲ, ಉಪವಾಸವಿದೆ. ಕಾವು ಬೇಗ ಇಳಿದರೆ ಉಳಿದೀತು. ಆ ವರ್ಷ ಇಳಿಯಲಿಲ್ಲ. ಎಲ್ ನಿನೊ ಎಂಬ ಕಡಲ ಕಾವಿನ ಏರಿಳಿತದಿಂದಾಗಿ 1998ರಲ್ಲಿ ಜಗತ್ತಿನ ಎಷ್ಟೋ ಕಡೆಗಳಲ್ಲಿ ಹವಳ ಸತ್ತಿತು. ಶಾಲೆ ತೆರೆದು ಮಳೆ ಬಿಟ್ಟ ಮೇಲೆ ನಾವು ಹೋಗಿ ನೋಡಿದಾಗ ಆ ಬಿಳಿಯ ಮೇಲೆ ಕೊಳಕು ಹಸಿರು ಪಾಚಿ ಹಬ್ಬಿತ್ತು. ಕಟಕಟ ಸದ್ದು ಇತ್ತು, ಬಣ್ಣವಿರಲಿಲ್ಲ.

ದ್ವೀಪವು ಕಡಲಿನಿಂದ ಕೆಲವೇ ಅಡಿ ಎತ್ತರ. ತೆರೆಯನ್ನು ತಡೆಯುವ ಆ ಗೋಡೆಯನ್ನು ಹವಳ ದಿನದಿನವೂ ಕಟ್ಟುತ್ತಿದ್ದರೆ ಮಾತ್ರ ಊರು ಉಳಿಯುತ್ತದೆ. 2010ರಲ್ಲಿ ಮತ್ತೊಮ್ಮೆ, 2016ರಲ್ಲಿ ಇನ್ನೊಮ್ಮೆ, 2024ರಲ್ಲಿ ಮಗುದೊಮ್ಮೆ ಹವಳ ಬಿಳಿಚಿತು. ಅಗತ್ತಿ, ಕದ್ಮತ್, ಕವರತ್ತಿಗಳಲ್ಲಿ 1998ರಿಂದ 2022ರೊಳಗೆ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆಯೆಂದು ಅಧ್ಯಯನ ಮಾಡಿದವರು ಲೆಕ್ಕ ಹಾಕಿದ್ದಾರೆ. ನಡುನಡುವೆ ಚೇತರಿಸಿಕೊಂಡದ್ದೂ ಉಂಟು; ಚೇತರಿಸಿಕೊಳ್ಳುವಷ್ಟು ಬಿಡುವು ಈಗ ಅದಕ್ಕೆ ಸಿಗುತ್ತಿಲ್ಲ.

ಆ ಹುಡುಗ ಈಗ ಸ್ವಂತ ದೋಣಿಯ ಯಜಮಾನ, ಇಬ್ಬರು ಮಕ್ಕಳ ತಂದೆ. ಈದ್ ಬಂದರೆ ತಪ್ಪದೆ ದೂರವಾಣಿಯಲ್ಲಿ ಮಾತನಾಡುತ್ತಾನೆ. ಲಂಗರು ಸಿಕ್ಕಿದ್ದ ಜಾಗದಲ್ಲಿ ಬೆರಳುದ್ದದ ಹೊಸ ಕವಲು ಕಂಡೆನೆಂದು ಕಳೆದ ಸಲ ಹೇಳಿದ.

ಸಹೋದರಿಯವರಲ್ಲಿ ನಮ್ಮ ವಿನಂತಿ ಇಷ್ಟೆ: ಮಗನನ್ನು ಕಳುಹಿಸಿ. ಒಬ್ಬನೇ ನೀರಿಗೆ ಇಳಿಯಬಾರದೆಂದೂ, ಮೇಲೇರುವಾಗ ಉಸಿರು ಕಟ್ಟಬಾರದೆಂದೂ, ಲಂಗರನ್ನು ಜಗ್ಗಿ ಎಳೆಯಬಾರದೆಂದೂ ಹೇಳಿ. ಅವನು ಕದ್ಮತ್ತಿಗೇ ಹೋಗುವುದಾದರೆ ನಮಗೆ ಒಂದು ಸಾಲು ಬರೆಯಿರಿ. ನಮ್ಮ ಹಳೆಯ ಕಣ್ಣಗಾಜು ಅಟ್ಟದ ಮೇಲಿದೆ; ರಬ್ಬರಿನ ಪಟ್ಟಿ ಮಾತ್ರ ಹರಿದಿದೆ, ಹೊಸದು ಹಾಕಿಸಿ ಕೊಡುತ್ತೇವೆ.